ನೆರಳನ್ನು ಕೊನೆಗೆ ಉಳಿಸಬೇಡಿ

ಹೋಳಿ ಮುಗಿದು ಯುಗಾದಿ ಹತ್ತಿರ ಬರುವಾಗ ನಮ್ಮ ಹೆಚ್ಚಿನ ಹೊಟೇಲುಗಳ ಎದುರು ಒಂದೇ ದೃಶ್ಯ. ಏಣಿ ಹತ್ತಿದ ಇಬ್ಬರು ಹುಡುಗರು, ಕಬ್ಬಿಣದ ಪೈಪು, ಪ್ಲಾಸ್ಟಿಕ್ ಹಗ್ಗ, ಒಂದು ನೀಲಿ ತಾಡಪತ್ರಿ. ಊರಿನಲ್ಲಿ ನಾವು ಟರ್ಪಾಲು ಎನ್ನುವ ಈ ವಸ್ತು ಮಾರ್ಚಿನಲ್ಲಿ ಬಿಸಿಲಿಗೂ ಆಗುತ್ತದೆ, ಜೂನಿನಲ್ಲಿ ಮಳೆಗೂ ಆಗುತ್ತದೆ ಎಂದು ನಾವು ನಂಬಿದ್ದೇವೆ. ಒಳಗಿನ ಟೈಲ್ಸ್ ಆರಿಸಲು ನಾಲ್ಕು ಅಂಗಡಿ ಸುತ್ತುತ್ತೇವೆ. ಎ.ಸಿ.ಗೆ ಮೂರು ಕೊಟೇಶನ್ ತರಿಸುತ್ತೇವೆ. ಹೊರಗಿನ ನೆರಳನ್ನು ಮಾತ್ರ ಹಾರ್ಡ್‌ವೇರ್ ಅಂಗಡಿಯವನಿಗೆ ಫೋನ್ ಮಾಡಿ ಮುಗಿಸಿಬಿಡುತ್ತೇವೆ. ಈ ಅಭ್ಯಾಸವನ್ನು ಬಿಡಬೇಕು ಎಂಬುದು ನನ್ನ ಅಭಿಪ್ರಾಯ. ಬೇರೆಯವರಿಗೆ ಹೇಳುವ ಮೊದಲು ನನ್ನದೇ ತಪ್ಪನ್ನು ಒಪ್ಪಿಕೊಳ್ಳುತ್ತೇನೆ.

ಮುಂಬಯಿಯ ಉಪನಗರದಲ್ಲಿರುವ ನಮ್ಮ ಹೊಟೇಲಿನ ಬಾಗಿಲು ಪಡುವಣಕ್ಕೆ. ಎದುರಿನ ನಮ್ಮ ಜಾಗದಲ್ಲಿ ಆರು ಟೇಬಲು, ಪಕ್ಕದಲ್ಲಿ ಜ್ಯೂಸ್ ಕೌಂಟರು. ಅದರ ಮೇಲೆ ಪ್ರತಿವರ್ಷ ತಾಡಪತ್ರಿ ಕಟ್ಟಿಸುತ್ತಿದ್ದೆ. ಹಲವು ವರ್ಷಗಳ ಹಿಂದೆ ಮೇ ತಿಂಗಳ ಕೊನೆಯ ಒಂದು ಸಂಜೆ ಮಳೆಗೆ ಮುಂಚಿನ ಗಾಳಿ ಬೀಸಿತು. ತಾಡಪತ್ರಿ ದೋಣಿಯ ಹಾಯಿಯಂತೆ ಉಬ್ಬಿ, ತುಕ್ಕು ಹಿಡಿದ ಪೈಪನ್ನು ಬುಡಸಮೇತ ಕಿತ್ತು ಕೆಡವಿತು. ಜ್ಯೂಸ್ ಕೌಂಟರಿನಲ್ಲಿದ್ದ ಹುಡುಗನ ತಲೆಗೆ ಏಳು ಹೊಲಿಗೆ ಬಿತ್ತು. ಊರಿನಲ್ಲಿದ್ದ ಅವನ ತಾಯಿಗೆ ನಾನೇ ಫೋನ್ ಮಾಡಿದೆ. ಅವರು ಬೈಯಲಿಲ್ಲ. "ಪತ್ತನಾಜೆ ಕಳೆಯಿತಲ್ಲ ಧಣಿ, ಮಳೆಗೆ ಮೊದಲು ಹಗ್ಗ ನೋಡಿಸಲಿಲ್ಲವಾ?" ಎಂದು ಮಾತ್ರ ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ.

ಆ ತಾಯಿ ಕೇಳಿದ್ದು ನಮ್ಮ ಕರಾವಳಿಯ ಮನೆಗಳಲ್ಲಿ ಎಲ್ಲರಿಗೂ ತಿಳಿದಿದ್ದ ವಿಷಯ. ಮಳೆಗಾಲಕ್ಕೆ ಮೊದಲು ಜಗಲಿಗೆ ಹೆಣೆದ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಗಾಳಿಮಳೆ ಬರುವ ಬದಿಗೆ ಮೊದಲು ಕಟ್ಟುತ್ತಿದ್ದರು. ಹೆಣಿಗೆಯ ಸಂದಿನಲ್ಲಿ ಗಾಳಿ ನುಸುಳುತ್ತಿದ್ದುದರಿಂದ ತಟ್ಟಿ ಹಾರಿಹೋಗುತ್ತಿರಲಿಲ್ಲ. ಮಳೆ ಮುಗಿದ ಮೇಲೆ ಬಿಚ್ಚಿಡುತ್ತಿದ್ದರು. ದಿಕ್ಕು ನೋಡಿ ಕಟ್ಟುವುದು, ಗಾಳಿಗೆ ದಾರಿ ಬಿಡುವುದು, ಬೇಡವಾದಾಗ ಬಿಚ್ಚುವುದು. ಇಂದು ಲಕ್ಷಗಟ್ಟಲೆ ಖರ್ಚಿನ ಮೋಟಾರು ಪರದೆ ಹಾಕಿಸುವವರಿಗೂ ಇದಕ್ಕಿಂತ ಬೇರೆ ಸೂತ್ರವಿಲ್ಲ.

ಮೊದಲು ದಿಕ್ಕು, ಆಮೇಲೆ ಕೊಟೇಶನ್

ನಮ್ಮಲ್ಲಿ ಹೆಚ್ಚಿನವರು ಬಿಸಿಲಿಗೆ ಉತ್ತರವೆಂದು ಮುಂದಕ್ಕೆ ಚಾಚಿದ ಛಾವಣಿ ಹಾಕಿಸುತ್ತಾರೆ. ತೆಂಕು ಬದಿಗೆ ಅದು ಸರಿ, ಏಕೆಂದರೆ ಅಲ್ಲಿ ಮಧ್ಯಾಹ್ನದ ಸೂರ್ಯ ಎತ್ತರದಲ್ಲಿರುತ್ತಾನೆ. ಪಡುವಣದ ಬಿಸಿಲು ಅಡ್ಡಲಾಗಿ ಬರುತ್ತದೆ. ಮುಂಬಯಿಯಲ್ಲಿ ಮಾರ್ಚ್ ಕೊನೆಗೆ ಸಂಜೆ 5 ಗಂಟೆಗೆ ಸೂರ್ಯ ದಿಗಂತದಿಂದ ಸುಮಾರು 25 ಡಿಗ್ರಿ ಮೇಲಿರುತ್ತಾನೆ. ಆಗ 4 ಅಡಿ ಚಾಚಿದ ಛಾವಣಿ ತನ್ನ ಕೆಳಗಿನ ಗೋಡೆಯಲ್ಲಿ 2 ಅಡಿಯನ್ನೂ ಪೂರ್ತಿ ಮರೆ ಮಾಡುವುದಿಲ್ಲ. ಚಹಾದ ಹೊತ್ತಿಗೆ ಬಂದ ಗಿರಾಕಿಯ ಕಣ್ಣಿಗೆ ನೇರ ಬಿಸಿಲು ಹೊಡೆಯುತ್ತದೆ. ಅಲ್ಲಿ ಬೇಕಾದದ್ದು ಮೇಲಿನಿಂದ ಕೆಳಗಿಳಿಯುವ ಪರದೆ.

ಇನ್ನೊಂದು ಸಂಗತಿಯನ್ನು ಹಲವರು ಗಮನಿಸಿರಲಿಕ್ಕಿಲ್ಲ. ಮುಂಬಯಿಯಲ್ಲಿ ಮೇ ಮಧ್ಯಭಾಗದಲ್ಲಿ ಒಮ್ಮೆ, ಜುಲೈ ಕೊನೆಯ ವಾರದಲ್ಲಿ ಇನ್ನೊಮ್ಮೆ ಸೂರ್ಯ ನಡುನೆತ್ತಿಗೆ ಬರುತ್ತಾನೆ. ಈ ಎರಡರ ನಡುವಿನ ದಿನಗಳಲ್ಲಿ ಮಧ್ಯಾಹ್ನದ ಸೂರ್ಯ ಬಡಗು ಬದಿಯಲ್ಲಿರುತ್ತಾನೆ. 'ಬಡಗು ದಿಕ್ಕು, ಬಿಸಿಲೇ ಇಲ್ಲ' ಎಂಬ ನಮ್ಮ ಲೆಕ್ಕ ಮೇ ತಿಂಗಳಲ್ಲಿ ತಪ್ಪುವುದು ಹೀಗೆ.

ಆದುದರಿಂದ ಯಾರನ್ನೂ ಕರೆಸುವ ಮೊದಲು ಒಂದು ಸೀಮೆಸುಣ್ಣ ತೆಗೆದುಕೊಳ್ಳಿ. ಮಧ್ಯಾಹ್ನ 1, 3 ಮತ್ತು 5 ಗಂಟೆಗೆ ಬಿಸಿಲು ನೆಲದಲ್ಲಿ ಎಲ್ಲಿಯವರೆಗೆ ಬರುತ್ತದೆಂದು ಗೆರೆ ಎಳೆಯಿರಿ. ಮಾರ್ಚಿನಲ್ಲಿ ಒಮ್ಮೆ, ಮೇಯಲ್ಲಿ ಒಮ್ಮೆ, ಅಕ್ಟೋಬರಿನ ಸೆಕೆಯಲ್ಲಿ ಇನ್ನೊಮ್ಮೆ. ಖರ್ಚು ಏನೂ ಇಲ್ಲ. ಯಾವ ಬದಿಗೆ ಎಷ್ಟು ಉದ್ದದ ಪರದೆ ಬೇಕೆಂದು ಆ ಗೆರೆಯೇ ಹೇಳುತ್ತದೆ.

ಊರೂರಿಗೂ ಲೆಕ್ಕ ಬೇರೆ. ಮುಂಬಯಿಯಲ್ಲಿ ಸಂಜೆಯ ಬಿಸಿಲು, ಕಡಲಿನ ಗಾಳಿ, ಮಳೆಯ ಎರಚಲು ಮೂರೂ ಪಡು ಬದಿಯಿಂದಲೇ ಬರುತ್ತವೆ. ಅಲ್ಲಿ ಗಟ್ಟಿ ಹಾಳೆ ಕಟ್ಟಿದರೆ ಬಿಸಿಲಿನ ಜೊತೆಗೆ ತಂಪು ಗಾಳಿಯನ್ನೂ ಹೊರಗೆ ನಿಲ್ಲಿಸಿದಂತೆ. ಚೆನ್ನೈಯಲ್ಲಿ ಕಡಲು ಮೂಡುವಣಕ್ಕೆ. ಸಂಜೆಯ ಬಿಸಿಲು ಒಂದು ಬದಿ, ಗಾಳಿ ಇನ್ನೊಂದು ಬದಿ. ಅಲ್ಲಿ ಪಡುವಣವನ್ನು ಗಟ್ಟಿಯಾಗಿ ಮುಚ್ಚಿ ಮೂಡುವಣವನ್ನು ತೆರೆದಿಡಬಹುದು. ಆದರೆ ಅಕ್ಟೋಬರಿನಿಂದ ಡಿಸೆಂಬರ್ ವರೆಗೆ ಮಳೆ, ಚಂಡಮಾರುತದ ಕಾಲ. 2016ರ ಡಿಸೆಂಬರಿನ ವಾರ್ದಾ ಚಂಡಮಾರುತವನ್ನು ಅಲ್ಲಿನ ನಮ್ಮವರು ಮರೆತಿರಲಾರರು. ದಿಲ್ಲಿಯಲ್ಲಿ ಬೇಸಿಗೆಗೆ ಬಿಸಿಗಾಳಿ ಮತ್ತು ಧೂಳು. ಜನವರಿ ಬಂದರೆ ಗಿರಾಕಿ ತಾನಾಗಿಯೇ ಬಿಸಿಲಿರುವ ಟೇಬಲು ಕೇಳುತ್ತಾನೆ. ಅಲ್ಲಿ ಸುತ್ತಿಡಲಾಗದ ನೆರಳು ಚಳಿಗಾಲದ ವ್ಯಾಪಾರಕ್ಕೆ ನಷ್ಟ. ಮುಂಬಯಿಯಲ್ಲಿ ನೋಡಿದ್ದನ್ನು ಹಾಗೆಯೇ ಹೈದರಾಬಾದಿನ ಶಾಖೆಗೂ ಹಾಕಿಸುವ ನಮ್ಮ ಪದ್ಧತಿ ಸರಿಯಲ್ಲ.

ಯಾವ ಬಟ್ಟೆ?

ತಾಡಪತ್ರಿ ಮಳೆಯನ್ನು ತಡೆಯುತ್ತದೆ, ನಿಜ. ಬಿಸಿಲಿಗೆ ಅದು ತಾನೇ ಕಾದು, ಬಿಸಿಗಾಳಿಯನ್ನು ಕೆಳಗೇ ಹಿಡಿದಿಡುತ್ತದೆ. ಅಲ್ಲದೆ ನೀಲಿ ತಾಡಪತ್ರಿಯ ಕೆಳಗೆ ಬಿಳಿ ಇಡ್ಲಿಯೂ ನೀಲಿಯಾಗಿ ಕಾಣುತ್ತದೆ. ಇಷ್ಟು ಒಳ್ಳೆಯ ಹಿಟ್ಟು ರುಬ್ಬಿ, ಕೊನೆಗೆ ಬಣ್ಣ ಕೆಡಿಸಿ ಬಡಿಸುವುದು ಯಾಕೆ? ಪಾರದರ್ಶಕ ಪಿ.ವಿ.ಸಿ. ಹಾಳೆ ಮಳೆಗಾಲದ ಎರಚಲಿಗೆ ಸರಿ. ಬೇಸಿಗೆಯಲ್ಲಿ ಅದು ಬಿಸಿಲನ್ನು ಒಳಗೆ ಬಿಟ್ಟು ಸೆಕೆಯನ್ನು ಹೊರಗೆ ಬಿಡುವುದಿಲ್ಲ. ವರ್ಷವಿಡೀ ಕಟ್ಟಿದ್ದರೆ ಹಳದಿಯಾಗಿ ಸೆಟೆದುಕೊಳ್ಳುತ್ತದೆ. ಹಸಿರು ನೆಟ್ ನರ್ಸರಿಯ ಗಿಡಗಳಿಗಾಗಿ ತಯಾರಾದದ್ದು. ಅಗ್ಗ, ಗಾಳಿಯನ್ನೂ ಬಿಡುತ್ತದೆ. ಆದರೆ ಅದು ಪ್ಲಾಸ್ಟಿಕ್. ಬೆಂಕಿ ತಾಗಿದರೆ ಕರಗಿ ಉರಿಯುವ ಹನಿಗಳಾಗಿ ಕೆಳಗೆ ಬೀಳುತ್ತದೆ.

ಟೇಬಲುಗಳ ಬದಿಗೆ ನನ್ನ ಆಯ್ಕೆ ಪಿ.ವಿ.ಸಿ. ಲೇಪನದ ಪಾಲಿಯೆಸ್ಟರ್ ಅಥವಾ ಫೈಬರ್‌ಗ್ಲಾಸ್ ಜಾಲರಿಯ ಪರದೆ. ಅಂಗಡಿಯವರು ಇದಕ್ಕೆ 3, 5, 10 ಶೇಕಡಾ ಎಂದು ಅಂಕಿ ಹೇಳುತ್ತಾರೆ. 100 ಪಾಲು ಬಟ್ಟೆಯಲ್ಲಿ ಅಷ್ಟು ಪಾಲು ತೆರಪು ಎಂದರ್ಥ. ನೇರ ಬಿಸಿಲು ಹೊಡೆಯುವ ಪಡು ಬದಿಗೆ 3 ಅಥವಾ 5. ಅಷ್ಟು ಬಿಸಿಲಿಲ್ಲದೆ, ಗಾಳಿ ಮತ್ತು ನೋಟ ಬೇಕಾದಲ್ಲಿ 10. ಬಣ್ಣದ ವಿಷಯದಲ್ಲಿ ಅನೇಕರು ತಿಳಿ ಬಣ್ಣ ಕೇಳುತ್ತಾರೆ. ತಿಳಿ ಬಣ್ಣ ಬಿಸಿಯನ್ನು ಹೆಚ್ಚು ಹಿಂದಕ್ಕೆ ಕಳುಹಿಸುತ್ತದೆ, ಆದರೆ ಬಿಸಿಲಿಗೆ ತಾನೇ ಹೊಳೆದು ಕಣ್ಣು ಕುಕ್ಕುತ್ತದೆ. ಗಾಢ ಬಣ್ಣದಲ್ಲಿ ಹೊರಗಿನ ನೋಟ ಚೆನ್ನಾಗಿ ಕಾಣುತ್ತದೆ. ಒಂದು ಗಜದ ತುಂಡು ತರಿಸಿ, ಸಂಜೆ 4 ಗಂಟೆಗೆ ಹಿಡಿದು ನೋಡಿ ತೀರ್ಮಾನಿಸಿ. ಇಂಥ ಜಾಲರಿಯಲ್ಲಿ ಗಾಳಿ ನುಸುಳುವುದು ಸ್ವಲ್ಪವೇ. ಪರದೆಯ ಮೇಲೆ ಒಂದಡಿ, ಕೆಳಗೆ ಎರಡಡಿ ಬಿಟ್ಟರೆ ಬಿಸಿಗಾಳಿ ಮೇಲಿನಿಂದ ಹೋಗಿ ತಂಪು ಗಾಳಿ ಕೆಳಗಿನಿಂದ ಬರುತ್ತದೆ.

ಎ.ಸಿ. ಹಾಲ್ ಇರುವವರಿಗೆ ಒಂದು ಮಾತು. ಗಾಜಿನ ಒಳಬದಿಗೆ ಪರದೆ ಹಾಕಿದಾಗ ಬಿಸಿಲು ಆಗಲೇ ಗಾಜು ದಾಟಿ ಒಳಗೆ ಬಂದಿರುತ್ತದೆ. ಆ ಬಿಸಿಯನ್ನು ಹೊರಗೆ ಹಾಕುವ ಕೆಲಸ ಎ.ಸಿ.ಯದ್ದು, ಬಿಲ್ಲು ನಮ್ಮದು. ಅದೇ ಪರದೆ ಗಾಜಿನ ಹೊರಬದಿಗಿದ್ದರೆ ಬಿಸಿಲು ಹೊರಗೇ ನಿಲ್ಲುತ್ತದೆ. ಒಳಗಿನ ಅಂದಕ್ಕೆ ಖರ್ಚು ಮಾಡುವ ಮೊದಲು ಹೊರಗಿನ ನೆರಳಿಗೆ ಖರ್ಚು ಮಾಡಿ ಎನ್ನುವುದು ಇದಕ್ಕಾಗಿ.

ಗಾಳಿ ಮತ್ತು ಬೆಂಕಿ

ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. 10 ಅಡಿ ಉದ್ದ, 10 ಅಡಿ ಅಗಲದ ಹಾಳೆಗೆ ಗಂಟೆಗೆ 36 ಕಿ.ಮೀ. ಗಾಳಿ ಎದುರಾಗಿ ಬಡಿದರೆ ಸುಮಾರು 55 ಕಿಲೋ ಒತ್ತಡ. ಗಾಳಿ 72 ಕಿ.ಮೀ. ಆದರೆ ಸುಮಾರು 225 ಕಿಲೋ. ಎರಡು ಹಗ್ಗ, ಒಂದು ತುಕ್ಕು ಪೈಪು ಅದನ್ನು ಹೇಗೆ ತಡೆಯಬೇಕು? 2024ರ ಮೇ 13ರಂದು ಘಾಟ್ಕೋಪರಿನಲ್ಲಿ ಧೂಳುಗಾಳಿಗೆ ದೊಡ್ಡ ಜಾಹೀರಾತು ಫಲಕ ಪೆಟ್ರೋಲ್ ಪಂಪಿನ ಮೇಲೆ ಕುಸಿದು 17 ಮಂದಿ ಸತ್ತರು. ನಮ್ಮ ಪರದೆ ಅಷ್ಟು ದೊಡ್ಡದಲ್ಲ, ಆದರೆ ಗಾಳಿಯ ನಿಯಮ ಎರಡಕ್ಕೂ ಒಂದೇ.

ಅದಕ್ಕೆ ಎರಡು ಬದಿಗೂ ಚಾನೆಲ್‌ನಲ್ಲಿ ಹಿಡಿದಿಡುವ, ಈಗ ಜಿಪ್ ಸ್ಕ್ರೀನ್ ಎಂದು ಮಾರುವ ಪರದೆ ಒಳ್ಳೆಯದು. ಅದನ್ನೂ ದೊಡ್ಡ ಗಾಳಿ ಬಂದಾಗ ಸುತ್ತಲೇಬೇಕು. ಯಾವ ವೇಗದ ಗಾಳಿಯವರೆಗೆ ಇಳಿಸಿಡಬಹುದೆಂದು ಮಾರುವವರಿಂದ ಬರಹದಲ್ಲಿ ಪಡೆಯಿರಿ. ಮೋಟಾರಿದ್ದರೆ ಗಾಳಿಯ ಸೆನ್ಸರ್ ಕೇಳಿ. ಕರೆಂಟು ಹೋದಾಗ ಕೈಯಿಂದ ಸುತ್ತುವ ವ್ಯವಸ್ಥೆಯೂ ಇರಲಿ. ಕಡಲಿನ ಹತ್ತಿರವಿರುವವರು ಬೋಲ್ಟು, ಹುಕ್ಕುಗಳಿಗೆ 316 ದರ್ಜೆಯ ಸ್ಟೀಲು ಹಾಕಿಸಿ. ಉಪ್ಪುಗಾಳಿಗೆ ಅದು 304ಕ್ಕಿಂತ ಹೆಚ್ಚು ಬಾಳುತ್ತದೆ.

ಬೆಂಕಿಯ ವಿಷಯದಲ್ಲಿ 2017ರ ಡಿಸೆಂಬರ್ 29ರ ನಡುರಾತ್ರಿ ಕಮಲಾ ಮಿಲ್ಸ್‌ನಲ್ಲಿ ನಡೆದದ್ದನ್ನು ನಮ್ಮ ಉದ್ಯಮದವರು ಯಾರೂ ಮರೆಯಬಾರದು. ಟೆರೇಸಿನ ಮೇಲಿದ್ದ ಪರದೆ, ಹೊದಿಕೆಗಳು ಬೆಂಕಿಗೆ ದಾರಿಯಾದವು. 14 ಮಂದಿ ಪ್ರಾಣ ಕಳೆದುಕೊಂಡರು. ನಮ್ಮ ಅಡಿಗೆಮನೆಯಲ್ಲಿ ತಂದೂರು ಇದೆ, ತವಾ ಇದೆ, ಎಣ್ಣೆ ಹಿಡಿದ ಚಿಮಿಣಿ ಇದೆ. ಅವುಗಳ ಹತ್ತಿರ ಪರದೆ ಬೇಡವೇ ಬೇಡ. ಬೇರೆಡೆ ಹಾಕುವ ಬಟ್ಟೆಗೆ ಎನ್‌ಎಫ್‌ಪಿಎ 701ರಂಥ ಅಗ್ನಿಪರೀಕ್ಷೆಯ ವರದಿ ಕೇಳಿ. 'ಫೈರ್‌ಪ್ರೂಫ್ ಇದೆ ಸೇಠ್' ಎಂಬ ಬಾಯಿಮಾತು ಸಾಲದು. ಬಂದ ಮಾಲಿನಿಂದ ಒಂದು ಪಟ್ಟಿ ಕತ್ತರಿಸಿ, ಬಯಲಿನಲ್ಲಿ, ಪಕ್ಕದಲ್ಲಿ ಬಕೆಟ್ ನೀರಿಟ್ಟು ಲೈಟರ್ ಹಿಡಿದು ನೋಡಿ. ಲೈಟರ್ ತೆಗೆದ ಮೇಲೂ ಉರಿಯುತ್ತಿದ್ದರೆ ಮಾಲು ವಾಪಸು ಕಳುಹಿಸಿ. ಗ್ಯಾಸ್ ಸಿಲಿಂಡರ್ ಇರುವ ಜಾಗವನ್ನು ನೆಲದವರೆಗೆ ಮುಚ್ಚಬೇಡಿ. ಎಲ್‌.ಪಿ.ಜಿ. ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ.

ನೆರಳು ಗೋಡೆಯಾಗಬಾರದು

ಇಲ್ಲಿ ಕೆಲವು ಮಿತ್ರರಿಗೆ ನನ್ನ ಮಾತು ಹಿಡಿಸಲಿಕ್ಕಿಲ್ಲ. ಮೊದಲ ವರ್ಷ ನೆರಳು, ಎರಡನೆಯ ವರ್ಷ ತಗಡು, ಮೂರನೆಯ ವರ್ಷ ಮೂರು ಬದಿ ಮುಚ್ಚಿ ಎ.ಸಿ. ಹೀಗೆ ತೆರೆದ ಜಾಗದಲ್ಲಿ ಹತ್ತು ಟೇಬಲು ಹೆಚ್ಚಿಸಿಕೊಂಡವರು ನಮ್ಮಲ್ಲಿ ಇದ್ದಾರೆ. ಕಟ್ಟಡದ ಸುತ್ತ ಬಿಡಬೇಕಾದ ಜಾಗ ಅಗ್ನಿಶಾಮಕ ವಾಹನ ಬರಲಿಕ್ಕೂ ಜನ ಹೊರಗೆ ಓಡಲಿಕ್ಕೂ ಇರುವುದು. ಪಾಲಿಕೆಯ 351ರ ನೋಟಿಸು ಕೈಗೆ ಬಂದ ಮೇಲೆ ವಕೀಲರಿಗೆ ಕೊಡುವ ಫೀಸನ್ನು ಮೊದಲೇ ಒಳ್ಳೆಯ ಪರದೆಗೆ ಕೊಡಬಹುದಿತ್ತು. ಮಳೆಗಾಲದ ಶೆಡ್ಡಿಗೆ ತಾತ್ಕಾಲಿಕ ಪರವಾನಿಗೆ ತೆಗೆದುಕೊಂಡವರು ಅವಧಿ ಮುಗಿದ ಮೇಲೆ ಬಿಚ್ಚಬೇಕು. ಬಿಚ್ಚದೆ ಉಳಿಸಿಕೊಳ್ಳುವವರಿಂದಾಗಿ ನಿಯಮ ಪಾಲಿಸುವವರಿಗೂ ತೊಂದರೆಯಾಗುತ್ತಿದೆ.

'ನಾವು ಕಂಡಕ್ಟಿಂಗ್ ಮೇಲೆ ನಡೆಸುವವರು, ಹನ್ನೊಂದು ತಿಂಗಳ ಕರಾರು, ಇಷ್ಟು ಖರ್ಚು ಯಾಕೆ?' ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಅಂಥವರು ಗೋಡೆಗೆ ಬೆಸುಗೆ ಹಾಕಿಸದೆ ಬೋಲ್ಟಿನಲ್ಲಿ ಕೂರಿಸುವ ಚೌಕಟ್ಟು ಮಾಡಿಸಲಿ. ಜಾಗ ಬಿಡುವಾಗ ಪರದೆಯೂ ಜೊತೆಗೆ ಬರುತ್ತದೆ. ಕರಾರಿನಲ್ಲಿ ಒಂದು ಸಾಲು ಬರೆಸಿಕೊಂಡರೆ ಸಾಕು. ಒಳ್ಳೆಯ ಪರದೆಗೆ ತಾಡಪತ್ರಿಗಿಂತ ಬಹಳ ಹೆಚ್ಚು ಹಣ ಬೇಕು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಐದು ವರ್ಷಗಳ ತಾಡಪತ್ರಿ, ಪೈಪು, ಕೂಲಿಯ ಬಿಲ್ಲುಗಳನ್ನು ಒಮ್ಮೆ ಕೂಡಿಸಿ ನೋಡಿ. ಎಲ್ಲ ಬದಿಗೂ ಒಮ್ಮೆಲೇ ಆಗದಿದ್ದರೆ ಪಡುವಣದಿಂದ ಶುರು ಮಾಡಿ. ಅಷ್ಟೂ ಆಗದವರು ತಾಡಪತ್ರಿಯನ್ನೇ ಚಿಕ್ಕ ಚಿಕ್ಕ ತುಂಡುಗಳಾಗಿ, ನಡುವೆ ಸಂದು ಬಿಟ್ಟು, ಗಟ್ಟಿ ಚೌಕಟ್ಟಿಗೆ ಕಟ್ಟಿಸಿ. ಒಂದೇ ದೊಡ್ಡ ಹಾಳೆಗಿಂತ ಅದು ಲೇಸು.

ನಮ್ಮ ಸಂಘಕ್ಕೂ ಒಂದು ವಿನಂತಿ. ಮೂವತ್ತು ನಲವತ್ತು ಸದಸ್ಯರು ಒಟ್ಟಾಗಿ ಖರೀದಿಸಿದರೆ ದರವೂ ಇಳಿದೀತು, ಮಾಲಿನ ಪರೀಕ್ಷಾ ವರದಿಯೂ ಸಿಕ್ಕೀತು. ಪ್ರತಿವರ್ಷ ಏಪ್ರಿಲಿನಲ್ಲಿ ಓರ್ವ ಸ್ಟ್ರಕ್ಚರಲ್ ಎಂಜಿನಿಯರರನ್ನು ಗೊತ್ತು ಮಾಡಿ, ಬಯಸಿದ ಸದಸ್ಯರ ಹೊಟೇಲುಗಳ ಶೆಡ್ಡು, ಚೌಕಟ್ಟುಗಳನ್ನು ತಪಾಸಣೆ ಮಾಡಿಸಬಹುದು. ಸುತ್ತಿಡಬಹುದಾದ ನೆರಳನ್ನೂ ಕಾಯಂ ಮುಚ್ಚಿದ ಶೆಡ್ಡನ್ನೂ ಒಂದೇ ತಕ್ಕಡಿಯಲ್ಲಿ ತೂಗದಂತೆ ಪಾಲಿಕೆಗೆ ಮನವಿ ಕೊಡಬಹುದು. ಆ ಮನವಿಗೆ ಬೆಲೆ ಬರಬೇಕಾದರೆ ಮೊದಲು ನಾವು ಬಿಚ್ಚಬೇಕಾದದ್ದನ್ನು ಬಿಚ್ಚಿರಬೇಕು.

ನಮ್ಮ ನೆರಳಿನ ಕೆಳಗೆ ಗಿರಾಕಿ ಅರ್ಧ ಗಂಟೆ ಕೂರುತ್ತಾನೆ. ಜ್ಯೂಸ್ ಕೌಂಟರಿನ ಹುಡುಗ, ಪಾನ್ ಬೀಡದವನು, ವಾಚ್‌ಮನ್ ದಿನವಿಡೀ ನಿಲ್ಲುತ್ತಾರೆ. ಅವರನ್ನು ನಮ್ಮನ್ನು ನಂಬಿ ಕಳುಹಿಸಿದವರು ಊರಿನಲ್ಲಿದ್ದಾರೆ. ಈ ವರ್ಷ ಪತ್ತನಾಜೆಗೆ ಮೊದಲು ಒಂದು ದಿನ ಗಲ್ಲಾದಿಂದ ಎದ್ದು ಹೊರಗೆ ಬನ್ನಿ. ತಲೆ ಎತ್ತಿ ಹಗ್ಗ, ಬೋಲ್ಟು, ಪೈಪಿನ ಬುಡ ನೋಡಿ. ಫೋನ್ ಮಾಡಿ ಉತ್ತರ ಕೊಡಬೇಕಾದ ಪ್ರಸಂಗ ನಿಮಗಾರಿಗೂ ಬಾರದಿರಲಿ.

– ಓರ್ವ ಸದಸ್ಯ, ಮುಂಬಯಿ