ಜಗುಲಿ ಫೋಟೊ ಚೆನ್ನಾಗಿದೆ, ಕ್ಯಾಮೆರಾ ಅಂಗಳದ ಕಡೆಗೂ ತಿರುಗಿಸಿ

ರಜೆ ಸರಣಿ, 4ನೇ ಪೋಸ್ಟು. ಇವತ್ತಿನದು ಉದ್ದ ಇದೆ, ಚಹಾ ಹಿಡ್ಕೊಂಡೇ ಓದಿ.

ಮೇ ತಿಂಗಳು ಬಂತು ಅಂದ್ರೆ ನಮ್ಮೆಲ್ಲರ ಸ್ಟೋರಿಯಲ್ಲೂ ಒಂದೇ ಫೋಟೊ. ಜಗುಲಿ, ಕಂಬಕ್ಕೆ ಚಾಚಿದ ಕಾಲು, ಪಕ್ಕದಲ್ಲಿ ಕೆಂಪಗಿನ ಮುರುಗಲು ಪಾನಕ, ಹಿಂದೆ ಅಡಿಕೆ ತೋಟ. ಮೇಲೆ 'ಸ್ಲೋ ಲಿವಿಂಗ್' ಅಂತ ಎರಡು ಪದ, ಹಿನ್ನೆಲೆಗೆ ಯಾವುದೋ ಕೊಳಲು.

ಮೊದಲೇ ಹೇಳಿಬಿಡ್ತೀನಿ, ನಾನು ನಿಧಾನದ ಪಕ್ಷ. ಸೆಮ್ ಮುಗಿದ ಮೇಲೆ ಸಿಗೋ ಒಂದು ವಾರವನ್ನೂ ಇಂಟರ್ನ್‌ಶಿಪ್ಪು, ಆನ್‌ಲೈನ್ ಸರ್ಟಿಫಿಕೇಟು ಅಂತ ತುಂಬಿಸಬೇಕು ಅನ್ನೋರ ಮಾತು ಕೇಳ್ಬೇಡಿ. ಒಂದು ವಾರದಲ್ಲಿ ಯಾರ ರೆಸ್ಯೂಮೆಯೂ ಬದಲಾಗಲ್ಲ. ಊರಿಗೆ ಹೋಗಿ. ಬೆಳಿಗ್ಗೆ ಎಂಟಕ್ಕೆ ಏಳಿ. ಮಧ್ಯಾಹ್ನ ಅಪ್ಪೆಹುಳಿ ಕುಡಿದು ಮಲಗಿ. (ಗೊತ್ತಿಲ್ಲದವರಿಗೆ: ಮಾವಿನಕಾಯಿ ಬೇಯಿಸಿ, ಕಿವುಚಿ, ನೀರು ನೀರಾಗಿ ಮಾಡಿ, ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟದ್ದು. ನಮ್ಮ ಶಿರಸಿ, ಸಿದ್ದಾಪುರ ಕಡೆ ಅದನ್ನ ಲೋಟದಲ್ಲೇ ಕುಡೀತಾರೆ. ಕುಡಿದ್ರೆ ನಿದ್ದೆ ಬರತ್ತೆ ಅನ್ನೋದರಲ್ಲಿ ಇಲ್ಲಿ ಯಾರಿಗೂ ಅನುಮಾನ ಇಲ್ಲ.) ಗುಡ್ಡ ಹತ್ತಿದ್ರೆ ಮಾತ್ರ ನೆಟ್‌ವರ್ಕ್ ಸಿಗತ್ತೆ ಅಂದ್ರೆ ಹತ್ಬೇಡಿ. ಬೇಜಾರು ಬರಲಿ. ಅಟ್ಟದ ಮೇಲಿನ ಹಳೇ ಸುಧಾ, ತರಂಗ ಕೆಳಗಿಳಿಯೋದೇ ಮೂರನೇ ದಿನದ ಬೇಜಾರಿಗೆ.

ನನ್ನ ತಕರಾರು ಬೇರೆ. ಆ ಫೋಟೊದಲ್ಲಿರೋ ಪಾನಕ ಲೋಟಕ್ಕೆ ಹೇಗೆ ಬಂತು?

ಮುರುಗಲು ಹಣ್ಣಾಗೋದು ಏಪ್ರಿಲ್, ಮೇ ತಿಂಗಳಲ್ಲಿ. ಮಂಗಳೂರು ಕಡೆಯವರಿಗೆ ಇದು ಪುನರ್ಪುಳಿ, ಪೇಟೆಯವರಿಗೆ ಕೋಕಂ. ಬೆಟ್ಟಕ್ಕೆ ಹೋಗಿ ಆರಿಸಿ ತರ್ಬೇಕು, ಒಂದೊಂದೇ ಹಣ್ಣು ಒಡೆದು ಬೀಜ ಬೇರೆ ಮಾಡ್ಬೇಕು. ಸಿಪ್ಪೆಗೆ ಸಕ್ಕರೆ ಹಾಕಿ ಭರಣಿಯಲ್ಲಿ ಬಿಸಿಲಿಗಿಟ್ಟರೆ ಪಾನಕದ ರಸ. ಉಳಿದ ಸಿಪ್ಪೆ ಒಣಗಿಸಿಟ್ಟರೆ ವರ್ಷಪೂರ್ತಿ ಅಡುಗೆಗೆ ಹುಳಿ. ಬೀಜವನ್ನೂ ಬಿಡಲ್ಲ, ಅದರಿಂದ ತುಪ್ಪ ತೆಗೀತಾರೆ. ಚಳಿಗೆ ಒಡೆದ ಹಿಮ್ಮಡಿಗೆ ಹಚ್ಚೋದು ಅದನ್ನೇ. ಇಷ್ಟೂ ಆಗ್ಬೇಕಿರೋದು ಮಳೆ ಹಿಡಿಯೋದರೊಳಗೆ.

ಕೇರಳಕ್ಕೆ ಮುಂಗಾರು ಕಾಲಿಡೋ ವಾಡಿಕೆಯ ದಿನ ಜೂನ್ 1. ಅಲ್ಲಿಂದ ನಮ್ಮ ಕಡೆ ಬರೋಕೆ ಹೆಚ್ಚು ದಿನ ಬೇಡ, ಆಮೇಲೆ ತಿಂಗಳುಗಟ್ಟಲೆ ಬಿಸಿಲನ್ನ ನಂಬೋ ಹಾಗಿಲ್ಲ. ಹಪ್ಪಳ, ಸಂಡಿಗೆ, ಹುಳಿ ಸಿಪ್ಪೆ, ಒಲೆಗೆ ಕಟ್ಟಿಗೆ, ಕೊಟ್ಟಿಗೆಗೆ ದರಕು, ಎಲ್ಲ ಒಣಗಿ ಒಳಗೆ ಸೇರ್ಬೇಕಾದ್ದು ನಾವು ರಜೆಗೆ ಹೋಗೋ ಅದೇ ವಾರಗಳಲ್ಲಿ. ನಮಗೆ ಅದು ವರ್ಷದಲ್ಲೇ ನಿಧಾನದ ವಾರ. ಮನೆಯವರಿಗೆ ಉಸಿರಾಡೋಕೂ ಪುರಸೊತ್ತಿಲ್ಲದ್ದು. ಅದರ ಮೇಲೆ ನಾವು ಬಂದಿದೀವಿ ಅಂತ ಎರಡು ಬಗೆ ತಿಂಡಿ, ಮಧ್ಯಾಹ್ನಕ್ಕೊಂದು ಪಾಯಸ.

2019ರಲ್ಲಿ ಕೇಂದ್ರ ಸರ್ಕಾರದ ಸಾಂಖ್ಯಿಕ ಕಚೇರಿ, ಜನ ದಿನದ 24 ಗಂಟೆ ಹೇಗೆ ಕಳೀತಾರೆ ಅಂತ ದೇಶದ ತುಂಬ ಸಮೀಕ್ಷೆ ಮಾಡಿತ್ತು. ಸಂಬಳ ಇಲ್ಲದ ಮನೆಗೆಲಸಕ್ಕೆ ಹೆಂಗಸರು ಕೊಡೋದು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97. ಆ 97 ಕೂಡ ಮನೆಗೆಲಸ ಮಾಡೋ ಗಂಡಸರದ್ದು ಮಾತ್ರ. ಮಾಡದವರು ಆ ಸರಾಸರಿಯಲ್ಲೇ ಇಲ್ಲ, ಮತ್ತೆ ಅವರೇ ಹೆಚ್ಚು. ಹಪ್ಪಳದ ಸೀಸನ್ನಿನಲ್ಲಿ ನಮ್ಮ ಆಯಿಯ ಲೆಕ್ಕ ತೆಗೆದ್ರೆ 299 ಮಧ್ಯಾಹ್ನದ ಊಟದೊಳಗೇ ಮುಗಿದುಹೋಗತ್ತೆ.

ಈ 'ಸ್ಲೋ' ಅನ್ನೋದಕ್ಕೂ ಒಂದು ಕತೆ ಇದೆ. 1986ರಲ್ಲಿ ರೋಮ್ ನಗರದ ನಡುವೆ ಮೆಕ್‌ಡೊನಾಲ್ಡ್ಸ್ ತೆರೆಯೋದಕ್ಕೆ ವಿರೋಧ ಎದ್ದಿತ್ತು. ಇಟಲಿಯ ಸ್ಲೋ ಫುಡ್ ಚಳವಳಿ ಬೆಳೆದದ್ದು ಆ ಗಲಾಟೆಯಿಂದ. ಮುಂದಾಳು ಕಾರ್ಲೊ ಪೆಟ್ರಿನಿ, ಗುರುತು ಬಸವನಹುಳು. ಅವರು ಮಾತಾಡಿದ್ದು ಬೆಳೆಯೋರ ಬಗ್ಗೆ, ಅಡುಗೆ ಮಾಡೋರ ಬಗ್ಗೆ, ಊರೂರಿನ ತಳಿಗಳ ಬಗ್ಗೆ. ನಮ್ಮ ಫೋನಿಗೆ ಬರೋ ಹೊತ್ತಿಗೆ ಅವರ್ಯಾರೂ ಇಲ್ಲ, ಲೋಟ ಹಿಡಿದ ಕೈ ಒಂದು ಉಳಿದಿದೆ.

ಹಾಗಂತ ರಜೆ ಬಿಟ್ಟು ಮೈಮುರಿದು ದುಡೀರಿ ಅಂತಿಲ್ಲ. ಹಪ್ಪಳದ ಚಾಪೆ ಹತ್ತಿರ ಒಂದು ದಿನ ಕೂತು ನೋಡಿ ಅಂತಿದೀನಿ. ಪೂರ್ತಿ ದಿನ, ವಿಡಿಯೊ ತೆಗೆಯೋಕೆ ಬೇಕಾಗೋ ಹತ್ತು ನಿಮಿಷ ಅಲ್ಲ.

ಮೇಲಿನ ಎರಡನೇ ಫೋಟೊ ಅದರದ್ದೇ. ಹಣ್ಣಾಗಿರದ, ಆದ್ರೆ ಚೆನ್ನಾಗಿ ಬಲಿತ ಹಲಸಿನಕಾಯಿ ಬೇಕು. ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಹಚ್ಚದೆ ಮುಟ್ಟಿದ್ರೆ ಮೇಣ ಸುಲಭಕ್ಕೆ ಬಿಡಲ್ಲ. ತೊಳೆ ಬಿಡಿಸಿ, ಬೀಜ ತೆಗೆದು, ಹಬೆಯಲ್ಲಿ ಬೇಯಿಸಿ, ರುಬ್ಬಿ, ಉಪ್ಪು ಮೆಣಸು ಜೀರಿಗೆ ಸೇರಿಸಿ, ಉಂಡೆ ಕಟ್ಟಿ, ಎರಡು ಪ್ಲಾಸ್ಟಿಕ್ ಹಾಳೆ ಮಧ್ಯೆ ಇಟ್ಟು ಒತ್ತಬೇಕು. ಬಿಸಿಲು ಏರೋದರೊಳಗೆ ಚಾಪೆ ತುಂಬ್ಬೇಕು. ಅಮ್ಮಮ್ಮಂದು ಉಂಡೆ ಕಟ್ಟೋ ಕೆಲಸ, ಚಿಕ್ಕಿದು ಒತ್ತೋದು, ಚಿಕ್ಕ ಮಕ್ಕಳದ್ದು ಚಾಪೆಗೆ ಹಾಕೋದು ಮತ್ತೆ ಹಿಟ್ಟು ಕದ್ದು ತಿನ್ನೋದು. ಹಪ್ಪಳಕ್ಕಿಂತ ಹಿಟ್ಟೇ ರುಚಿ ಅನ್ನೋದು ನನ್ನ ಇನ್ನೊಂದು ಅಭಿಪ್ರಾಯ, ಅದಕ್ಕೆ ಬೇರೆ ಪೋಸ್ಟು ಹಾಕ್ತೀನಿ.

ಇಲ್ಲಿ ಕೈಗೆ ಕೆಲಸ ಇರತ್ತೆ, ಬಾಯಿ ಖಾಲಿ. ಯಾರ ಮದುವೆ ಯಾಕೆ ಮುರಿದುಬಿತ್ತು, ಅಜ್ಜ ನಡ್ಕೊಂಡೇ ಘಟ್ಟ ಇಳಿದು ಕುಮಟೆಗೆ ಹೋಗಿದ್ದು ಯಾಕೆ, ಆಯಿ ಓದು ಎಸ್ಸೆಸ್ಸೆಲ್ಸಿಗೇ ನಿಂತಿದ್ದು ಯಾಕೆ, ಇದೆಲ್ಲ ನನಗೆ ಗೊತ್ತಾಗಿದ್ದು ಈ ಚಾಪೆ ಬುಡದಲ್ಲಿ. ಎದುರಿಗೆ ಕೂರಿಸ್ಕೊಂಡು 'ಹೇಳಿ' ಅಂದಿದ್ರೆ ಯಾರೂ ಹೇಳ್ತಿರಲಿಲ್ಲ. ಜಗುಲಿ ಮೇಲೆ ಫೋನ್ ಹಿಡಿದು ಕೂತಾಗ ಇಂಥ ನಿಧಾನ ಸಿಗಲ್ಲ. ಆದ್ರೆ ನಾಲ್ಕು ಗಂಟೆಗೆ ಮೋಡ ಕಟ್ಟಿ 'ಕೂಸೇ, ಮಳೆ ಬಂತು, ಹಪ್ಪಳ ತೆಗ್ಯೇ' ಅಂತ ಕೂಗು ಬಿತ್ತು ಅಂದ್ರೆ ನಿಧಾನ ಗಿಧಾನ ಎಲ್ಲ ಬಂದ್, ಓಡೋದೇ. ಅಡ್ಡಮಳೆಗೆ ಸಿಕ್ಕ ಹಪ್ಪಳ ಬೂಷ್ಟು ಹಿಡಿಯತ್ತೆ, ಅಷ್ಟೂ ಜನರ ಒಂದು ದಿನ ದನದ ಬಾಯಿಗೆ.

ನಮ್ಮ ಕೇರಿಯಲ್ಲಿ ಈಗಿರೋದು ಎಂಟು ಮನೆ. ಆರರಲ್ಲಿ ಇಬ್ಬಿಬ್ಬರೇ, ಅದೂ ಅರವತ್ತು ದಾಟಿದವರು. ಮರದ ತುಂಬ ಹಲಸು, ಕೊಯ್ಯೋಕೆ ಜನ ಇಲ್ಲ, ಹಣ್ಣಾಗಿ ಬಿದ್ದು ಅಲ್ಲೇ ಕೊಳೆಯತ್ತೆ. ನಾನು ಚಿಕ್ಕವಳಿದ್ದಾಗ ಅಂಗಳದಲ್ಲಿ ನಾಲ್ಕು ಚಾಪೆ ಹಾಸ್ತಿದ್ರು. ಈ ಸಲ ಒಂದು.

ನೀವು ಹೇಳಬಹುದು, ಕೆಲಸ ಕೊಡು ಅಂತ ಕೇಳಿದೆ, ಅಮ್ಮನೇ ಬೇಡ ಅಂದ್ಲು ಅಂತ. 'ನೀ ಕೂತ್ಕ, ಓದಿ ಓದಿ ಸಾಕಾಗಿರ್ತು.' ಹೌದು, ಎಲ್ಲರ ಮನೆಯಲ್ಲೂ ಹಾಗೇ ಅಂತಾರೆ. ಆದ್ರೆ ಒಂದು ಗಮನಿಸಿ. ಆ ಮಾತು ಹುಡುಗರಿಗೆ ವಾರಪೂರ್ತಿ ನಡೆಯತ್ತೆ, ನಮಗೆ ಒಂದೇ ದಿನ. ಎರಡನೇ ದಿನ ಬೆಳಿಗ್ಗೆ ದೋಸೆ ಎರೆಯೋಕೆ ನಮ್ಮನ್ನೇ ಎಬ್ಬಿಸ್ತಾರೆ, ಅಣ್ಣ ಇನ್ನೂ ಹೊದ್ದು ಮಲಗಿರ್ತಾನೆ. ಹಾಗಾಗಿ ಈ ಪೋಸ್ಟು ಮುಖ್ಯವಾಗಿ ನಮ್ಮ ಕ್ಲಾಸಿನ ಹುಡುಗರಿಗೆ. ಕೇಳ್ಬೇಡ್ರೋ, ಕೇಳಿದ್ರೆ ಬೇಡ ಅಂತಾರೆ. ಒಂದು ಕೆಲಸ ಹಿಡಿದು ಶುರುವಿಂದ ಕೊನೆವರೆಗೆ ನಿಮ್ಮದು ಮಾಡ್ಕೊಳ್ಳಿ. ಸಂಜೆ ಚಹಾ ಅಂದ್ರೆ ಹಾಲು ಕಾಯಿಸೋದರಿಂದ ಲೋಟ ತೊಳೆದು ಬೋರಲು ಹಾಕೋವರೆಗೆ. ಉಳಿದ ಹೊತ್ತು ಜಗುಲಿ ಮೇಲೆ ಎಷ್ಟು ಬೇಕಾದ್ರೂ ಬಿದ್ಕೊಳ್ಳಿ, ಕೊಳಲು ಹಾಕಿ ರೀಲ್ ಮಾಡಿ, ನಾನೇ ಲೈಕ್ ಒತ್ತೀನಿ. ಆದ್ರೆ ವಾರದಲ್ಲಿ ಒಂದು ಮಧ್ಯಾಹ್ನವಾದ್ರೂ ಅಪ್ಪೆಹುಳಿ ಕುಡಿದು ಮೊದಲು ಮಲಗೋದು ಅಮ್ಮ ಆಗಿರಲಿ.

ನಮ್ಮ ಕ್ಲಾಸಲ್ಲೇ ರಜೆ ಅಂದ್ರೆ ಅಂಗಡಿಯಲ್ಲಿ ನಿಲ್ಲೋರು, ತೋಟದ ಕೂಲಿಗೆ ಹೋಗೋರು ಇದಾರೆ. ಅವರು ಇದನ್ನೆಲ್ಲ ಓದಿ ನಗಬಹುದು. ನಗ್ಲಿ, ಅವರಿಗೆ ಆ ಹಕ್ಕಿದೆ.

ವಿಜಯಪುರ, ಬಾಗಲಕೋಟೆ ಕಡೆ ಈಗ ಶಾವಿಗೆ, ಸಂಡಿಗೆ ಹೊತ್ತು ಅಲ್ವಾ? ನಿಮ್ಮ ಮನೆ ಮಾಳಿಗೆ ಮೇಲೆ ಏನೇನು ಒಣಗ್ತಿದೆ, ಯಾರು ಒಣಗಿಸ್ತಿದಾರೆ, ಕೆಳಗೆ ಬರೀರಿ. ಹಾಸ್ಟೆಲ್ಲಿಗೆ ಬರುವಾಗ ಡಬ್ಬಿಯಲ್ಲಿ ನೀವೇ ಒತ್ತಿದ ಹಪ್ಪಳ ಮೇಲೇ ಇಟ್ಕೊಂಡು ಬನ್ನಿ. ದುಂಡಗಿಲ್ಲದಿದ್ರೂ ಪರವಾಗಿಲ್ಲ, ಎಣ್ಣೆಗೆ ಬಿದ್ಮೇಲೆ ಎಲ್ಲವೂ ಸೊಟ್ಟಗೇ ಆಗೋದು.

#ರಜೆಸರಣಿ #ಹಲಸಿನಹಪ್ಪಳ