ಮನೆ ಇದ್ದವರ ಅಲೆಮಾರಿತನ

ಬರುವ ಬೇಸಿಗೆ ರಜೆಯಲ್ಲಿ ನಾವು ನಾಲ್ಕು ಜನ ಇಂಗ್ಲೆಂಡಿನಿಂದ ಫ್ರಾನ್ಸಿನ ಲುವಾರ್ ನದಿಯ ಕಣಿವೆಗೆ ಕ್ಯಾರವಾನ್ ಎಳೆದುಕೊಂಡು ಹೋಗುವವರಿದ್ದೇವೆ. ಹೀಗೆ ದೇಶ ದಾಟಿ ಹೋಗುವುದು ನಮ್ಮ ಮನೆಯಲ್ಲಿ ಇದೇ ಮೊದಲು. ಸುದ್ದಿ ಕೇಳಿದ ದಾವಣಗೆರೆಯ ಗೆಳೆಯನೊಬ್ಬ, ಪದ್ಯ ಬರೆಯುವವನು, ಫೋನಿನಲ್ಲಿ ಅಂದ: "ಏನಪಾ ದೋಸ್ತ, ನೀನೂ ಅಲೆಮಾರಿ ಆಗಿಬಿಟ್ಟೆಲ್ಲ! ಪುಣ್ಯವಂತ ಬಿಡು." ಅವನು ಪ್ರೀತಿಯಿಂದಲೇ ಅಂದದ್ದು. ಆದರೆ ನನ್ನ ತಕರಾರು ಆ ಒಂದು ಪದದ ಮೇಲೆ. ಕ್ಯಾರವಾನ್ ರಜೆಗೆ ಹೋಗುವವರು ಅಲೆಮಾರಿಗಳಲ್ಲ. ಅವರು ಅಲೆಮಾರಿಗಳಲ್ಲ ಎಂಬುದನ್ನು ಹೆಜ್ಜೆಹೆಜ್ಜೆಗೂ ಸಾಬೀತು ಮಾಡಿದ ಮೇಲೆಯೇ ಅವರಿಗೆ ರಸ್ತೆ ತೆರೆಯುತ್ತದೆ.

ಕನ್ನಡ ಓದುಗರಿಗೆ ಕ್ಯಾರವಾನ್ ಅಂದರೆ ಶೂಟಿಂಗ್ ಜಾಗದಲ್ಲಿ ಸಿನಿಮಾ ನಟರು ಕೂರುವ ಎ.ಸಿ. ಬಸ್ಸು ನೆನಪಾಗಬಹುದು. ನಾನು ಹೇಳುತ್ತಿರುವುದು ಅದಲ್ಲ. ಕಾರಿನ ಹಿಂದಿನ ಕೊಕ್ಕೆಗೆ ಸಿಕ್ಕಿಸಿ ಎಳೆಯುವ ಪುಟ್ಟ ಮನೆ ಇದು. ಮಲಗಲು ನಾಲ್ಕು ಜಾಗ, ಒಂದು ಗ್ಯಾಸ್ ಒಲೆ, ಮಡಚಿಡುವ ಮೇಜು, ಕಪಾಟಿನಷ್ಟು ಬಚ್ಚಲು. ಬ್ರಿಟನ್ನಿನ ಮಧ್ಯಮ ವರ್ಗಕ್ಕೆ ಇದೊಂದು ನೂರು ವರ್ಷಕ್ಕೂ ಹಳೆಯ ಗೀಳು.

ಈ ಗೀಳು ಹುಟ್ಟಿದ ಬಗೆಯನ್ನೇ ನೋಡಿ. 1885ರಲ್ಲಿ ನೌಕಾಪಡೆಯ ನಿವೃತ್ತ ವೈದ್ಯ, ಹುಡುಗರ ಸಾಹಸ ಕತೆಗಳ ಲೇಖಕ ವಿಲಿಯಂ ಗಾರ್ಡನ್ ಸ್ಟೇಬಲ್ಸ್, ಬರೀ ವಿಹಾರಕ್ಕೆಂದು ಒಂದು ಕುದುರೆ ಬಂಡಿಮನೆ ಕಟ್ಟಿಸಿಕೊಂಡ. ಹೆಸರು 'ವಾಂಡರರ್', ಅಂದರೆ ಅಲೆಯುವವ. ತನ್ನನ್ನು ತಾನು 'ಜಂಟಲ್‌ಮನ್ ಜಿಪ್ಸಿ' ಎಂದು ಕರೆದುಕೊಂಡ. ಬಂಡಿ ಹೊಡೆಯಲು ಒಬ್ಬ, ಸೇವೆಗೆ ಇನ್ನೊಬ್ಬ ಜೊತೆಯಲ್ಲಿದ್ದರು. 1907ರಲ್ಲಿ ಇಂಥ ಹವ್ಯಾಸಿಗಳೇ ಸೇರಿ ಕ್ಯಾರವಾನ್ ಕ್ಲಬ್ ಕಟ್ಟಿದರು. 'ಜಿಪ್ಸಿ'ಯ ಹಿಂದೆ 'ಜಂಟಲ್‌ಮನ್' ಸೇರಿಸಿದ್ದರಲ್ಲೇ ಕತೆಯೆಲ್ಲ ಇದೆ. ಅವನ ಬಂಡಿ ಊರಿಗೆ ಬಂದರೆ ವಿಸ್ಮಯ, ನಿಜವಾದ ಜಿಪ್ಸಿಗಳ ಬಂಡಿ ಬಂದರೆ ಕೋಳಿಗೂಡಿಗೆ ಬೀಗ.

ಈಗ ನಮ್ಮ ತಯಾರಿಯ ಕಡತಕ್ಕೆ ಬರುತ್ತೇನೆ. ಅದರಲ್ಲಿ ಎರಡು ಬಗೆಯ ನಿಯಮಗಳಿವೆ. ಮೊದಲನೆಯವು ಗಾಲಿಗೆ ಸಂಬಂಧಿಸಿದವು. ತುಂಬಿದ ಕ್ಯಾರವಾನಿನ ತೂಕ ಕಾರಿನ ತೂಕದ ಶೇ. 85 ದಾಟದಿರಲಿ ಎಂದು ಹೊಸಬರಿಗೆ ಬುದ್ಧಿ ಹೇಳುತ್ತಾರೆ. ಕೊಕ್ಕೆಯ ಮೇಲೆ ಬೀಳುವ ಭಾರ ತೀರಾ ಕಡಿಮೆಯಾದರೆ ಬಂಡಿ ಹಾವಿನಂತೆ ಹೊಯ್ದಾಡಬಹುದು. ಬದಿಗೆ ಉದ್ದನೆಯ ಕನ್ನಡಿ ಬೇಕು. ಫ್ರಾನ್ಸಿನಲ್ಲಿ ಎಚ್ಚರಿಕೆಯ ತ್ರಿಕೋನ, ಹೊಳೆಯುವ ಜಾಕೆಟ್ ಕಡ್ಡಾಯ. ಇಲ್ಲಿನ ಗ್ಯಾಸ್ ಸಿಲಿಂಡರನ್ನು ಅಲ್ಲಿ ಬದಲಿಸಿಕೊಡುವುದಿಲ್ಲ, ಲೆಕ್ಕ ಹಾಕಿ ಒಯ್ಯಬೇಕು. ಬ್ರಿಟನ್ ಯುರೋಪ್ ಒಕ್ಕೂಟ ಬಿಟ್ಟ ಮೇಲೆ ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ಹಾಗಾಗಿ ಚಟ್ನಿಪುಡಿ ಬರುತ್ತದೆ, ಮನೆಯಲ್ಲಿ ಕಾಸಿದ ತುಪ್ಪ ಇಲ್ಲೇ ಉಳಿಯುತ್ತದೆ. ಇವುಗಳ ಬಗ್ಗೆ ನನಗೆ ಜಗಳವಿಲ್ಲ. ರಸ್ತೆ ಎಲ್ಲರದು, ಜೀವ ಎಲ್ಲರದು.

ಎರಡನೆಯವು ಗಾಲಿಯ ಮೇಲೆ ಕೂತವರಿಗೆ ಸಂಬಂಧಿಸಿದವು. ಹೆಂಡತಿ, ಮಕ್ಕಳ ಬಳಿ ಬ್ರಿಟಿಷ್ ಪಾಸ್‌ಪೋರ್ಟ್ ಇದೆ. ಅವರಿಗೆ ವೀಸಾ ಬೇಡ. ನನ್ನದು ಭಾರತದ್ದು. ನನಗೆ ಷೆಂಗೆನ್ ವೀಸಾ ಬೇಕು, ಅರ್ಜಿಗೇ 90 ಯೂರೋ. 30,000 ಯೂರೋಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆ, ಬ್ಯಾಂಕಿನ ಲೆಕ್ಕ, ಕೆಲಸದ ಪತ್ರ, ತಂಗುವ ಜಾಗದ ಪುರಾವೆ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನಾನು ಮರಳಿ ಹೋಗುತ್ತೇನೆ ಎಂದು ನಂಬಿಸಬೇಕು. ಮನೆಯನ್ನೇ ಎಳೆದುಕೊಂಡು ಹೋಗುವವನು ತಾನು ಎಲ್ಲಿ ಮಲಗುತ್ತೇನೆಂದು ತಿಂಗಳುಗಳ ಮೊದಲೇ ಬರೆದುಕೊಡಬೇಕು. ಬ್ರಿಟನ್ನಿನಲ್ಲಿ 1997ರ ನಂತರ ಕಾರಿನ ಲೈಸೆನ್ಸ್ ಪಡೆದವರು ದೊಡ್ಡ ಕ್ಯಾರವಾನ್ ಎಳೆಯಲು ಇನ್ನೊಂದು ಪರೀಕ್ಷೆ ಕೊಡಬೇಕಿತ್ತು. 2021ರ ಡಿಸೆಂಬರಿನಿಂದ ಅದೂ ಇಲ್ಲ, 3,500 ಕೆ.ಜಿ.ವರೆಗೆ ಎಳೆಯಬಹುದು. ಟನ್ನುಗಟ್ಟಲೆ ಭಾರವನ್ನು ಹೆದ್ದಾರಿಯಲ್ಲಿ ಎಳೆಯಲು ನನ್ನನ್ನು ಪರೀಕ್ಷೆಯಿಲ್ಲದೆ ನಂಬುತ್ತಾರೆ. ಒಂದು ರಾತ್ರಿಯ ಹಾಸಿಗೆಯ ವಿಷಯಕ್ಕೆ ಮಾತ್ರ ನನ್ನ ಮಾತನ್ನು ನಂಬುವುದಿಲ್ಲ.

ಇಷ್ಟಾದರೂ ನಾನು ಅದೃಷ್ಟವಂತ. ಕೊಡಲು ನನ್ನ ಬಳಿ ಕಾಗದಗಳಿವೆ. ಕಾಗದ ಇಲ್ಲದವರ ಪಾಡು ಏನು ಎಂಬುದು ಕ್ಯಾರವಾನ್ ಹುಡುಕುವಾಗಲೇ ತಿಳಿಯಿತು. ಫ್ರಾನ್ಸಿಗೆ ಹೋಗುವುದಾದರೆ ಜೋಡಿ ಆಕ್ಸಲ್‌ನದು, ಅಂದರೆ ಒಂದೊಂದು ಬದಿಗೆ ಎರಡೆರಡು ಗಾಲಿ ಇರುವಂಥದು, ಬೇಡ ಎಂದು ಅನುಭವಿಗಳು ಹೇಳಿದರು. ಅಲ್ಲಿನ ಎಷ್ಟೋ ಕ್ಯಾಂಪಿಂಗ್ ಮೈದಾನಗಳಲ್ಲಿ ಜೋಡಿ ಆಕ್ಸಲ್‌ಗೆ ಪ್ರವೇಶವಿಲ್ಲ. ನೆಲ ಹಾಳಾಗುತ್ತದೆ ಎಂಬುದು ಹೇಳುವ ಕಾರಣ. ವರ್ಷವಿಡೀ ಕ್ಯಾರವಾನಿನಲ್ಲೇ ಬದುಕುವ ಕುಟುಂಬಗಳು ಬಳಸುವುದು ಹೆಚ್ಚಾಗಿ ಅಂಥ ದೊಡ್ಡ ಬಂಡಿಗಳನ್ನೇ ಎಂಬುದು ಎಲ್ಲರಿಗೂ ಗೊತ್ತಿರುವ ಕಾರಣ. ಜಾತಿ ಕೇಳಬೇಕಿಲ್ಲ, ಗಾಲಿ ಎಣಿಸಿದರೆ ಸಾಕು. ಬ್ರಿಟನ್ನಿನಲ್ಲಿ ಗಾಲಿ ಎಣಿಸುವ ಕಷ್ಟವನ್ನೂ ಪಡಲಿಲ್ಲ. ಒಂದು ದೊಡ್ಡ ರಜಾ ಸಂಸ್ಥೆ ಐರಿಶ್ ಉಪನಾಮಗಳ ಪಟ್ಟಿ ಮಾಡಿ, ಆ ಹೆಸರಿನವರಿಗೆ ಕೋಣೆ ಕೊಡಬೇಡಿ ಎಂದು ಸಿಬ್ಬಂದಿಗೆ ಹೇಳಿದ್ದು 2021ರಲ್ಲಿ ಬಯಲಾಯಿತು.

ಕಾನೂನು ಇನ್ನೂ ಸ್ಪಷ್ಟ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2022ರಿಂದ ಅನುಮತಿಯಿಲ್ಲದ ನೆಲದಲ್ಲಿ ವಾಹನದೊಡನೆ ಬೀಡುಬಿಟ್ಟವರು, ಎದ್ದು ಹೋಗಿ ಎಂದ ಮೇಲೂ ಹೋಗದಿದ್ದರೆ, ಅಪರಾಧಿಗಳಾಗಬಹುದು: ಮೂರು ತಿಂಗಳವರೆಗೆ ಜೈಲು, ದಂಡ, ವಾಹನದ ಜಪ್ತಿ. ವಾಹನವೇ ಮನೆಯಾದವರಿಗೆ ಜಪ್ತಿಯಾಗುವುದು ಮನೆ. ಪೊಲೀಸರು ಎಬ್ಬಿಸಿದ ಜಾಗಕ್ಕೆ ಮರಳಬಾರದೆಂಬ ಅವಧಿಯನ್ನು 3 ತಿಂಗಳಿಂದ 12 ತಿಂಗಳಿಗೆ ಏರಿಸಿದ್ದು ಮಾನವ ಹಕ್ಕುಗಳಿಗೆ ಹೊಂದುವುದಿಲ್ಲ ಎಂದು 2024ರಲ್ಲಿ ಹೈಕೋರ್ಟೇ ಹೇಳಬೇಕಾಯಿತು. ಫ್ರಾನ್ಸಿನಲ್ಲಿ 5,000ಕ್ಕಿಂತ ಹೆಚ್ಚು ಜನರಿರುವ ಊರುಗಳು ಪಯಣದ ಜನರಿಗೆ ತಂಗುದಾಣ ಒದಗಿಸಬೇಕು ಎಂದು 2000ದ ಕಾನೂನು ಹೇಳುತ್ತದೆ. ಆದರೆ ಅಂಥ ತಂಗುದಾಣಗಳನ್ನು ಹುಡುಕಬೇಕಾದ್ದು ಹೆಚ್ಚಾಗಿ ಊರಾಚೆ, ಹೆದ್ದಾರಿಯ ಪಕ್ಕ, ಕಸದ ರಾಶಿಯ ಹತ್ತಿರ. ನಮ್ಮಂಥವರ ಕ್ಯಾಂಪಿಂಗ್ ಮೈದಾನ ನದಿಯ ದಂಡೆಯಲ್ಲಿದೆ, ಬೆಳಿಗ್ಗೆ ಬಿಸಿ ಬ್ರೆಡ್ಡು ಸಿಗುತ್ತದೆ.

ನಮ್ಮ ದಾರಿಯ ಸೊಮ್ಯೂರ್ ಪಟ್ಟಣ ಕೋಟೆಗೂ ವೈನಿಗೂ ಹೆಸರಾದದ್ದು. ಅಲ್ಲಿಂದ ದಕ್ಷಿಣಕ್ಕೆ ಸ್ವಲ್ಪ ದೂರದಲ್ಲಿ ಮೊಂತ್ರಯ್-ಬೆಲ್ಲೆ ಎಂಬ ಊರಿದೆ. ಫ್ರಾನ್ಸ್ 1912ರಲ್ಲೇ ಕಾನೂನು ಮಾಡಿ, ಅಲೆಮಾರಿಗಳ ಮೈ ಅಳತೆ, ಬೆರಳಚ್ಚು ತುಂಬಿದ ಪುಸ್ತಕವೊಂದನ್ನು ಅವರ ಕೈಗೆ ಕೊಟ್ಟಿತ್ತು. ಯಾವ ಊರಿಗೆ ಹೋದರೂ ಅಧಿಕಾರಿಗಳಿಂದ ಅದಕ್ಕೆ ಮುದ್ರೆ ಹಾಕಿಸಿಕೊಳ್ಳಬೇಕಿತ್ತು. ಎರಡನೆಯ ಮಹಾಯುದ್ಧದಲ್ಲಿ ಹೀಗೆ ಗುರುತಾಗಿದ್ದವರನ್ನು ಹಿಡಿದು ಶಿಬಿರಗಳಲ್ಲಿ ಕೂಡಿಹಾಕಿದರು. ಆ ಶಿಬಿರಗಳಲ್ಲಿ ಅತಿ ದೊಡ್ಡದು ಇದ್ದದ್ದು ಮೊಂತ್ರಯ್-ಬೆಲ್ಲೆಯಲ್ಲಿ, 1941ರಿಂದ 1945ರವರೆಗೆ. ಯುದ್ಧ ಮುಗಿದ ಮೇಲೂ ಕೆಲವರು ಬೇರೆ ಶಿಬಿರಗಳಲ್ಲಿ 1946ರವರೆಗೆ ಉಳಿದರು. ಇದರಲ್ಲಿ ಫ್ರಾನ್ಸಿನ ಹೊಣೆ ಇದೆ ಎಂದು ಅಧ್ಯಕ್ಷರೊಬ್ಬರು ಬಂದು ಒಪ್ಪಿಕೊಂಡದ್ದು 2016ರಲ್ಲಿ. ಪ್ರಯಾಣದ ದಾಖಲೆ ಇಟ್ಟುಕೊಳ್ಳಬೇಕೆಂಬ ಕಟ್ಟಳೆ ಪೂರ್ತಿ ಹೋದದ್ದು 2017ರಲ್ಲಿ.

"ಅದು ಅವರ ಊರಿನ ಕತೆ, ನಮಗೇನು?" ಎನ್ನಬೇಡಿ. ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ನಮ್ಮ ನೆಲದ ಅಲೆಮಾರಿಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಬರೆದಿಟ್ಟಿತು. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ನಾಡಿಂದ ನಾಡಿಗೆ ಒಯ್ಯುತ್ತಿದ್ದ ಬಂಜಾರರನ್ನೂ ಅದು ಹಲವು ಕಡೆ ಬಿಡಲಿಲ್ಲ. ಆ ಕಾಯ್ದೆ ರದ್ದಾದದ್ದು 1952ರಲ್ಲಿ, ಅನುಮಾನ ರದ್ದಾಗಿಲ್ಲ. 2023ರ ಏಪ್ರಿಲ್‌ನಲ್ಲಿ ಕರ್ನಾಟಕದ ಹಕ್ಕಿಪಿಕ್ಕಿಗಳು ಸುಡಾನ್ ಯುದ್ಧದಲ್ಲಿ ಸಿಕ್ಕಿಕೊಂಡಾಗ "ಅಷ್ಟು ದೂರ ಹೋಗೋಕೆ ಇವರಿಗೇನಾಗಿತ್ತು?" ಎಂದು ಓದಿದವರೇ ನನ್ನೆದುರು ಕೇಳಿದರು. ಗಿಡಮೂಲಿಕೆ ಎಣ್ಣೆ ಮಾರಲು ಖಂಡ ದಾಟುವವನು ಅವರಿಗೆ ಒಗಟು. ಕೋಟೆ ನೋಡಲು ಖಂಡ ದಾಟುವ ನಾನು ಪುಣ್ಯವಂತ.

ಒಂದು ರಜೆಗೆ ಇಷ್ಟು ಭಾರ ಹೇರಬೇಕೇ ಎಂದು ಕೇಳುವವರಿದ್ದಾರೆ. ಮಕ್ಕಳು ನದಿಯಲ್ಲಿ ಆಡಲಿ, ನೀನು ಸುಮ್ಮನೆ ಚಹಾ ಕುಡಿ ಎನ್ನುತ್ತಾರೆ. ಖಂಡಿತ ಕುಡಿಯುತ್ತೇನೆ. ರಜೆ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ರಜೆಗೆ ಅದರದೇ ಹೆಸರಿರಲಿ. ನಮ್ಮದು ಮುಂಗಡ ಕೊಟ್ಟು, ವಿಮೆ ಮಾಡಿಸಿ, ಹಿಂದಿರುಗುವ ತಾರೀಕು ನಿಗದಿ ಮಾಡಿ ಹೊರಡುವ ವಿಹಾರ. ಬೇಸರವಾದರೆ ಮನೆಗೆ ಬರಬಹುದು ಎಂಬುದೇ ಅದರ ಸುಖ. ಆ ಸುಖ ಇಲ್ಲದವರ ಹೆಸರನ್ನು ನಮ್ಮ ಫೋಟೋ ಕೆಳಗೆ ಬರೆದುಕೊಳ್ಳುವುದು ಕಳ್ಳತನ.

ಈ ಮಾತು ಮುಖ್ಯವಾಗಿ ಬರೆಯುವವರಿಗೆ, ಬರೆಯಲಿರುವ ವಿದ್ಯಾರ್ಥಿಗಳಿಗೆ. ನಮ್ಮ ಕವಿತೆಗಳಲ್ಲಿ, ಪ್ರವಾಸ ಕಥನಗಳ ಶೀರ್ಷಿಕೆಗಳಲ್ಲಿ 'ಅಲೆಮಾರಿ' ಒಂದು ಆಭರಣವಾಗಿಬಿಟ್ಟಿದೆ. ವಾರಾಂತ್ಯಕ್ಕೆ ಚಿಕ್ಕಮಗಳೂರಿಗೆ ಹೋಗಿಬಂದವನೂ ಅಲೆಮಾರಿ, ಸಂಬಳದ ರಜೆ ಹಾಕಿ ಲಡಾಖ್‌ಗೆ ಹೋದವಳೂ ಅಲೆಮಾರಿ. ಅದೇ ಪದ ಊರಾಚೆ ಗುಡಾರ ಹಾಕಿದ ಸುಡುಗಾಡು ಸಿದ್ಧರ ಹೆಂಗಸೊಬ್ಬಳಿಗೆ ರೇಷನ್ ಕಾರ್ಡಿನ ಅರ್ಜಿಯಲ್ಲಿ ವಿಳಾಸದ ಖಾಲಿ ಜಾಗ. ಪದವೊಂದು ಒಬ್ಬರಿಗೆ ಅಲಂಕಾರ, ಇನ್ನೊಬ್ಬರಿಗೆ ಆರೋಪ ಆಗಿರುವಾಗ ಅದನ್ನು ಮುಟ್ಟುವ ಲೇಖಕ ತಾನು ಯಾವ ಕಡೆ ನಿಂತಿದ್ದೇನೆಂದು ನೋಡಿಕೊಳ್ಳಬೇಕು.

ನಮ್ಮ ಪಟ್ಟಿಗೆ ಮೊಂತ್ರಯ್-ಬೆಲ್ಲೆಯ ಒಂದು ದಿನ ಸೇರಿಸಿದ್ದೇನೆ. ಶಿಬಿರದಲ್ಲಿ ಉಳಿದಿರುವುದು ಹೆಚ್ಚೇನಿಲ್ಲ, ಕೆಲವು ಮೆಟ್ಟಿಲು, ಕಟ್ಟಡಗಳ ಕುರುಹು, ಒಂದು ನೆಲಮಾಳಿಗೆಯ ಸೆರೆ. ನಾವು ಎಳೆದೊಯ್ಯುವ ಬಂಡಿಯ ಹೆಸರಿನ ಹಿಂದೆ ಯಾರ ಬದುಕಿದೆ ಎಂದು ಮಕ್ಕಳಿಗೆ ಅಲ್ಲಿಯೇ ಹೇಳುವುದು ಸರಿ. ಅವರು ದೊಡ್ಡವರಾದ ಮೇಲೆ ತಮ್ಮನ್ನು ಪ್ರವಾಸಿಗಳೆಂದು ಕರೆದುಕೊಳ್ಳಲಿ. ಅದು ಪ್ರಾಮಾಣಿಕ ಪದ.