ಮಾಳಿಗೆ ಹತ್ತುವ ದಿನ

ಕೆಲವು ವರ್ಷಗಳ ಹಿಂದೆ ನಮ್ಮ ಕಾಲೇಜಿನ ವಿದ್ಯಾರ್ಥಿಗಳೊಡನೆ ರಾಜಸ್ಥಾನದ ಪ್ರವಾಸಕ್ಕೆ ಹೋಗಿದ್ದೆ. ಜೈಸಲ್ಮೇರಿನಲ್ಲಿ ನಾವು ಇಳಿದುಕೊಂಡಿದ್ದ ವಸತಿಗೃಹದ ತಾರಸಿಯಿಂದ ಪಕ್ಕದ ಹಳೆಯ ಮನೆಯ ಚಾವಣಿ ಕೈಗೆಟುಕುವಷ್ಟು ಹತ್ತಿರವಿತ್ತು. ಬೆಳಗ್ಗೆ ಹುಡುಗರು ಒಂಟೆಗಳನ್ನು ನೋಡಲು ಓಡಿದ ಮೇಲೆ ನಾನೊಬ್ಬನೇ ಅಲ್ಲಿ ಕುಳಿತಿದ್ದೆ. ಆಚೆಯ ಚಾವಣಿಯ ಮೇಲೆ ವಯಸ್ಸಾದವರೊಬ್ಬರು ಕುಕ್ಕುರುಗಾಲಿನಲ್ಲಿ ಕುಳಿತು, ಕಲಸಿದ ಮಣ್ಣನ್ನು ಬಿರುಕುಗಳಿಗೆ ತುಂಬಿ ಅಂಗೈಯಿಂದ ನೀವುತ್ತಿದ್ದರು. ಡಿಸೆಂಬರ್ ತಿಂಗಳು. ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ; ಇನ್ನು ಆರು ತಿಂಗಳು ಮಳೆ ಬರುವ ಸಂಭವವೂ ಇರಲಿಲ್ಲ. ನನ್ನ ಹರಕು ಹಿಂದಿಯಲ್ಲಿ ಕೇಳಿದೆ: “ಮಳೆಯೇ ಇಲ್ಲದ ನಿಮ್ಮೂರಿನಲ್ಲಿ ಈ ಕೆಲಸಕ್ಕೆ ಇಷ್ಟೇನು ಅವಸರ, ಬಾಬಾ?”

ಅವರು ಕೈ ನಿಲ್ಲಿಸದೆಯೇ ಹೇಳಿದ ಮಾತಿನ ಸಾರಾಂಶವಿದು: “ದಿನವೂ ಮಳೆ ಬೀಳುವ ಊರಿನವರಿಗೆ ಸೋರುವ ಜಾಗ ಮೊದಲ ದಿನವೇ ತಿಳಿಯುತ್ತದೆ. ನಮಗೆ ಅದು ತಿಳಿಯುವುದು ವರ್ಷಕ್ಕೆ ಒಂದೇ ದಿನ. ಆ ದಿನ ತಿಳಿದು ಏನು ಪ್ರಯೋಜನ?”

ಆ ಮಾತು ನನ್ನನ್ನು ಚುಚ್ಚಿತು. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಮರುಭೂಮಿಯ ಮನೆಗೆ ಬಿಸಿಲೊಂದೇ ಶತ್ರುವೆಂದು ನಾವು ದೂರದಲ್ಲಿರುವವರು ಭಾವಿಸುತ್ತೇವೆ. ಬಿಸಿಲೇನು ಸಾಮಾನ್ಯವಾದುದಲ್ಲ. ಅದೇ ಸೀಮೆಯ ಫಲೋದಿಯಲ್ಲಿ 2016ರ ಮೇ 19ರಂದು ಉಷ್ಣತೆ 51 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ನಮ್ಮ ದೇಶದಲ್ಲಿ ಅದಕ್ಕೂ ಮೊದಲು ಅಷ್ಟು ಬಿಸಿ ದಾಖಲಾಗಿರಲಿಲ್ಲ. ಆದರೆ ಬಿಸಿಲನ್ನು ತಡೆಯುವ ಉಪಾಯ ಅಲ್ಲಿಯವರಿಗೆ ಹಳೆಯದು. ಮರದ ತೊಲೆಗಳ ಮೇಲೆ ಜೊಂಡಿನ ಚಾಪೆ, ಅದರ ಮೇಲೆ ದಪ್ಪನಾಗಿ ಮಣ್ಣು. ನಡುಹಗಲಿನ ಕಾವು ಆ ಮಣ್ಣನ್ನು ದಾಟಿ ಒಳಗಿಳಿಯುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ಮನೆಮಂದಿ ಅಷ್ಟುಹೊತ್ತಿಗೆ ಚಾವಣಿಯ ಮೇಲೆಯೇ ಹಾಸಿಗೆ ಹಾಸಿಕೊಂಡಿರುತ್ತಾರೆ. ಬಿಸಿಲು ಮಾಡುವ ನಿಜವಾದ ಕೇಡು ಬೇರೆ. ಹಗಲು ಕಾದು ರಾತ್ರಿ ತಣ್ಣಗಾಗುವ ನಿತ್ಯದ ಎಳೆದಾಟದಲ್ಲಿ ಚಾವಣಿಯ ಮೈ ಕೂದಲೆಳೆಯಷ್ಟು ಸಣ್ಣದಾಗಿ ಸೀಳುತ್ತದೆ. ಆ ಸೀಳಿನಿಂದ ಹನ್ನೊಂದು ತಿಂಗಳು ಯಾರಿಗೂ ಯಾವ ತೊಂದರೆಯೂ ಇಲ್ಲ. ಊರಿನ ವಾರ್ಷಿಕ ಮಳೆ 200 ಮಿಲಿಮೀಟರಿನ ಆಸುಪಾಸು. ಅದೂ ಹದವಾಗಿ ಹಂಚಿಕೊಂಡು ಬರುವುದಲ್ಲ, ನಾಲ್ಕಾರು ದಿನಗಳಲ್ಲಿ ಸುರಿದು ಮುಗಿಯುವುದು. ಬಿಸಿಲು ಬಾಗಿಲು ತೆರೆದಿಟ್ಟುಹೋಗುತ್ತದೆ. ಮಳೆ ಬಂದು ಒಳಗೆ ನುಗ್ಗುತ್ತದೆ.

ಆ ಜನ ಚಾವಣಿಯನ್ನು ನೋಡಿಕೊಳ್ಳುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಅಲ್ಲಿ ಚಾವಣಿಯೆಂದರೆ ಕೆರೆಯ ಅಂಗಳವಿದ್ದಂತೆ. ಅದರ ಮೇಲೆ ಬಿದ್ದ ನೀರು ಕೊಳವೆಯಿಂದಿಳಿದು ಮನೆಯೊಳಗಿನ ‘ಟಾಂಕಾ’ ಎಂಬ ನೆಲತೊಟ್ಟಿಯನ್ನು ಸೇರಬೇಕು. ಮುಂದೆ ತಿಂಗಳುಗಟ್ಟಲೆ ಕುಡಿಯುವುದಕ್ಕೆ ಅದೇ. ಮಳೆಗಾಲಕ್ಕೆ ಮೊದಲು ಚಾವಣಿಯನ್ನು ಗುಡಿಸಿ ಚೊಕ್ಕಟ ಮಾಡುವುದು, ಮೊದಲ ಮಳೆಯ ನೀರನ್ನು ತೊಟ್ಟಿಗೆ ಬಿಡದೆ ಹೊರಗೆ ಹರಿಸುವುದು, ಇವೆಲ್ಲ ಮಡಿಯಷ್ಟೇ ನಿಷ್ಠೆಯಿಂದ ನಡೆಯುತ್ತಿದ್ದ ಆಚಾರಗಳು. ಅನುಪಮ ಮಿಶ್ರರು 1995ರಲ್ಲಿ ಪ್ರಕಟಿಸಿದ ‘ರಾಜಸ್ಥಾನ್ ಕೀ ರಜತ್ ಬೂಂದೇ’ ಎಂಬ ಹಿಂದಿ ಪುಸ್ತಕದಲ್ಲಿ ಈ ನೀರಿನ ವ್ಯವಸ್ಥೆಯ ವಿವರಗಳಿವೆ. ಸಾಹಿತ್ಯದ ವಿದ್ಯಾರ್ಥಿಗಳು ಅದನ್ನು ಓದಬೇಕೆಂದು ನನ್ನ ಆಸೆ. ಕೆಲಸವನ್ನು ಕುರಿತು ಬರೆಯುವ ಗದ್ಯ ನಮ್ಮಲ್ಲಿ ಕಡಿಮೆ.

ನಲ್ಲಿಯಲ್ಲಿ ನೀರು ಬಂತು, ಒಳ್ಳೆಯದೇ ಆಯಿತು. ಹೆಂಗಸರು ಕೊಡ ಹೊತ್ತು ಹರದಾರಿ ನಡೆಯುವುದು ತಪ್ಪಿದ್ದಕ್ಕೆ ಯಾರು ತಾನೆ ವ್ಯಥೆಪಟ್ಟಾರು? ಆದರೆ ಚಾವಣಿಯನ್ನು ಹತ್ತುವ ಕಾರಣಗಳಲ್ಲಿ ಒಂದು ಕಳೆದುಹೋಯಿತು. 1156ರಲ್ಲಿ ಕಟ್ಟಲು ತೊಡಗಿದ ಜೈಸಲ್ಮೇರಿನ ಕೋಟೆಯೊಳಗೆ ಇಂದಿಗೂ ಸಂಸಾರಗಳಿವೆ. ಕೊಡದಲ್ಲಿ ನೀರು ತರುತ್ತಿದ್ದ ಕಾಲಕ್ಕೆ ಕಟ್ಟಿದ ಆ ಮನೆಗಳಿಗೆ ಕೊಳವೆಯ ನೀರು ಬಂದಾಗ, ಬಳಸಿದ ನೀರು ಹೊರಹೋಗಲು ಸರಿಯಾದ ಹಾದಿಯಿರಲಿಲ್ಲ. ಅದು ಕೋಟೆಯ ಕೆಳಗಿನ ಗುಡ್ಡದೊಳಗೇ ಇಂಗಿ ಗೋಡೆಗಳು ಕುಸಿಯತೊಡಗಿದವು. 1996ರಲ್ಲಿ ಜಗತ್ತಿನ ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಯೊಂದರಲ್ಲಿ ಅದರ ಹೆಸರೂ ಸೇರಿತು. ನೀರಿಲ್ಲದ ಊರನ್ನು ನೀರೇ ಕಾಡಿತೆಂಬುದು ಕಥೆಗಾರನೊಬ್ಬ ಹೆಣೆದ ವ್ಯಂಗ್ಯದಂತೆ ತೋರುತ್ತದೆ.

ಇನ್ನು ನನ್ನನ್ನು ಚುಚ್ಚಿದ ಮಾತಿಗೆ ಬರುತ್ತೇನೆ.

ನಾನು ಚಳ್ಳಕೆರೆಯ ಕಡೆಯವನು. ನಮ್ಮದು ಮರುಭೂಮಿಯಲ್ಲ, ಆದರೆ ಕನ್ನಡನಾಡಿನಲ್ಲಿ ಮಳೆಗೆ ಮುಖ ಕಾಣದ ಸೀಮೆಗಳಲ್ಲೊಂದು. ಅಲ್ಲಿಯ ಮನೆಗಳಿಗೆ ಮಾಳಿಗೆ. (ಸರ್ಕಾರದ ಜಾಹೀರಾತುಗಳು ‘ಎಲ್ಲರಿಗೂ ಸೂರು’ ಎನ್ನುತ್ತವೆ. ಸೂರೆಂದರೆ ಇಳಿಜಾರು ಮಾಡಿನ ಅಂಚು. ನಮ್ಮ ಮಾಳಿಗೆ ಮನೆಗೆ ಅದಿರುವುದೇ ಇಲ್ಲ. ಮಲೆನಾಡಿನವರು ಬರೆದ ಜಾಹೀರಾತೆಂದು ನಾವು ನಗುತ್ತಿದ್ದೆವು.) ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಒತ್ತಾಗಿ ಕಟ್ಟಿಗೆ, ಅದರ ಮೇಲೆ ಬೇವು ತಂಗಡಿಗಳ ಸೊಪ್ಪು, ಆಮೇಲೆ ತುಳಿದು ಹದಮಾಡಿದ ಮಣ್ಣು, ಎಲ್ಲಕ್ಕೂ ಮೇಲೆ ಕರ್ಲು ಮಣ್ಣು. ಈ ಕರ್ಲು ಮಣ್ಣಿನ ಗುಣ ವಿಚಿತ್ರವಾದುದು. ಸವುಳಿನ ಅಂಶ ಹೆಚ್ಚಾದ್ದರಿಂದ ಅದರಲ್ಲಿ ಬೆಳೆ ಬಾರದು. ಹೊಲದಲ್ಲಿ ಅದು ಕಾಣಿಸಿಕೊಂಡರೆ ರೈತ ತಲೆಯ ಮೇಲೆ ಕೈಹೊತ್ತು ಕೂರುತ್ತಾನೆ. ಆದರೆ ನೀರು ಬಿದ್ದೊಡನೆ ಅದರ ನವುರಾದ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ. ಮುಂದಿನ ಹನಿಗೆ ಒಳದಾರಿ ಸಿಕ್ಕದು. ಹೊಲವನ್ನು ಕೆಡಿಸುವ ಗುಣವೇ ಮಾಳಿಗೆಯನ್ನು ಕಾಯುತ್ತದೆ. ಮಳೆಯೊಡನೆ ಅದು ಅಷ್ಟಿಷ್ಟು ಕೊಚ್ಚಿಹೋಗುವುದರಿಂದ ಪ್ರತಿವರ್ಷ ಹೊಸದಾಗಿ ಹರಡಬೇಕು.

ರೋಹಿಣಿ ಮಳೆಗೆ ಮುಂಚೆ ಅಪ್ಪ ಗಾಡಿ ಕಟ್ಟಿಕೊಂಡು ಹೋಗಿ ಕರ್ಲು ಮಣ್ಣು ತರುತ್ತಿದ್ದರು. ಆ ದಿನ ಮನೆಯ ಮಕ್ಕಳೆಲ್ಲ ಮಾಳಿಗೆಯ ಮೇಲೆ. ಹಿಂದಿನ ವರ್ಷ ಮೊಳೆತು ಒಣಗಿದ ಹುಲ್ಲನ್ನು ಬೇರುಸಹಿತ ಕೀಳುವುದು ನಮ್ಮ ಪಾಲಿನ ಕೆಲಸ. ಬೇರು ಉಳಿದರೆ ನೀರು ಅದರ ಜಾಡು ಹಿಡಿದು ಇಳಿಯುತ್ತದೆಂದು ಅಪ್ಪ ಎಚ್ಚರಿಸುತ್ತಿದ್ದರು. ಇಲಿ ತೋಡಿದ ಬಿಲಗಳಿಗೆ ಮಣ್ಣಿನ ಉಂಡೆ ತುರುಕುವುದು ಅಣ್ಣನ ಕೆಲಸ. ಬೆಳಕಿಂಡಿಯ ಸುತ್ತ ಕಟ್ಟೆ ಎತ್ತರಿಸುವುದು, ನೀರು ಹೊರಬೀಳುವ ದೋಣಿಯ ಕಡೆಗೆ ವಾಟ ಸರಿಯಾಗಿದೆಯೇ ಎಂದು ಒಂದು ತಂಬಿಗೆ ನೀರು ಸುರಿದು ನೋಡುವುದು, ಇವನ್ನು ಅಪ್ಪ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಸಂಜೆ ಅವ್ವ ಕೆಳಗಿನಿಂದ ಕೂಗಿ ಕೇಳುತ್ತಿದ್ದಳು: “ದೋಣಿ ಬಾಯಿ ನೋಡಿದ್ರೇನ್ರೋ?”

ಅಪ್ಪ ತೀರಿಕೊಂಡಾಗ ನಾನು ಊರು ಬಿಟ್ಟು ಅಧ್ಯಾಪಕನಾಗಿದ್ದೆ, ಅಣ್ಣ ದಾವಣಗೆರೆಯಲ್ಲಿದ್ದ. ಮೊದಲ ವರ್ಷ ದುಃಖದ ನೆಪ, ಎರಡನೆಯ ವರ್ಷ ಕೆಲಸದ ನೆಪ. ಮೂರನೆಯ ವರ್ಷ, ಸ್ವಾತಿ ಮಳೆ ಹಿಡಿದ ಒಂದು ರಾತ್ರಿ, ಅಡುಗೆಮನೆಯ ಮೂಲೆಯ ತೊಲೆ ಮುರಿದು ಮಾಳಿಗೆ ಕುಸಿಯಿತು. ಅವ್ವ ಪಡಸಾಲೆಯಲ್ಲಿ ಮಲಗಿದ್ದರಿಂದ ಉಳಿದಳು. ಬೆಳಗ್ಗೆ ಬಂದು ನೋಡಿದರೆ ತೊಲೆ ಹೊರಗೆ ಗಟ್ಟಿಯಾಗಿಯೇ ಕಾಣುತ್ತಿತ್ತು. ಗೋಡೆಯೊಳಗೆ ಹುದುಗಿದ್ದ ತುದಿ ಮಾತ್ರ ಎರಡು ವರ್ಷ ನೀರು ಕುಡಿದು ಹಿಟ್ಟಾಗಿತ್ತು. ‘ಹಳೇ ಮಾಳಿಗೆ, ಬೀಳದೆ ಇನ್ನೇನು’ ಎಂದು ನಾನು ಹೇಳಿದೆ. ಅವ್ವ ನನ್ನ ಮುಖ ನೋಡಿ, “ಹಳೇದಾಗಿ ಬೀಳ್ಲಿಲ್ಲಪ್ಪಾ. ಹತ್ತೋರಿಲ್ದೆ ಬಿತ್ತು” ಎಂದಳು.

ಆಮೇಲೆ ಕಾಂಕ್ರೀಟಿನ ಮನೆ ಕಟ್ಟಿಸಿದೆವು. ‘ಇನ್ನು ನಿನಗೆ ಚಿಂತೆಯಿಲ್ಲ, ಇದು ಪಕ್ಕಾ ಮನೆ’ ಎಂದು ಅವಳಿಗೆ ಹೇಳಿದವನೂ ನಾನೇ.

ಈ ‘ಪಕ್ಕಾ’ ಎಂಬ ಮಾತಿನ ಬಗ್ಗೆ ಭಾಷೆಯನ್ನು ಕಲಿಸುವವನಾಗಿ ನನ್ನ ತಕರಾರಿದೆ. ಕಚ್ಚಾ ಎಂದರೆ ಹಸಿಯದು, ಪಕ್ಕಾ ಎಂದರೆ ಬೆಂದದ್ದು, ಮಾಗಿದ್ದು. ಹಿಂದೂಸ್ತಾನಿಯಿಂದ ಬಂದು ಕಚೇರಿಯ ಕಾಗದಗಳಲ್ಲಿ ನೆಲೆಸಿದ ಈ ಜೋಡಿಪದಗಳು ಇಂದು ಬಡವರ ಮನೆಗಳ ಹಣೆಬರೆಹವನ್ನು ನಿರ್ಧರಿಸುತ್ತಿವೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ ಯೋಜನೆಯಲ್ಲಿ ಮನೆಯಿಲ್ಲದವರನ್ನೂ ಗೋಡೆ ಚಾವಣಿಗಳೆರಡೂ ಕಚ್ಚಾ ಆಗಿರುವ ಒಂದೆರಡು ಕೋಣೆಯ ಮನೆಯವರನ್ನೂ ಗುರುತಿಸಿ, ಪಕ್ಕಾ ಮನೆ ಕಟ್ಟಿಕೊಳ್ಳಲು ಬಯಲುನಾಡಿನಲ್ಲಿ 1.20 ಲಕ್ಷ ರೂಪಾಯಿಗಳ ನೆರವನ್ನು ಗೊತ್ತುಮಾಡಲಾಯಿತು. ಉದ್ದೇಶದಲ್ಲಿ ದೋಷವಿಲ್ಲ. ಆದರೆ ಮನೆಯನ್ನು ಅಳೆಯುವ ಕೋಲು ಅದರ ಸಾಮಗ್ರಿಯಾಯಿತೇ ಹೊರತು ಅದಕ್ಕೆ ಸಿಕ್ಕುವ ಆರೈಕೆಯಾಗಲಿಲ್ಲ. ವರ್ಷವರ್ಷವೂ ಕೈಯಾಡಿಸಿದ ಮಣ್ಣಿನ ಮಾಳಿಗೆ ಕಚ್ಚಾ; ಇಪ್ಪತ್ತು ವರ್ಷ ಯಾರೂ ಹತ್ತಿ ನೋಡದ, ಒಳಗೆ ಕಬ್ಬಿಣ ತುಕ್ಕುಹಿಡಿದು ಊದಿ ಗಾರೆ ಉದುರುತ್ತಿರುವ ಕಾಂಕ್ರೀಟು ಪಕ್ಕಾ!

ಕಾಂಕ್ರೀಟಿಗೂ ಬಿಸಿಲು ತಗಲುತ್ತದೆ. ಅದೂ ಹಗಲು ಹಿಗ್ಗಿ ರಾತ್ರಿ ಕುಗ್ಗುತ್ತದೆ, ಸೀಳುತ್ತದೆ. ವ್ಯತ್ಯಾಸವಿಷ್ಟೆ: ಮಣ್ಣು ತನ್ನ ನೋವನ್ನು ಬೇಗ ಹೇಳಿಕೊಳ್ಳುತ್ತದೆ, ಕಾಂಕ್ರೀಟು ಬಹುಕಾಲ ಮುಚ್ಚಿಡುತ್ತದೆ. ಮಣ್ಣಿನ ಬಿರುಕನ್ನು ಮನೆಯ ಮಗು ಮುಚ್ಚಬಲ್ಲದು. ಕಾಂಕ್ರೀಟಿನೊಳಗಿನ ತುಕ್ಕಿಗೆ ಮೇಸ್ತ್ರಿ ಬೇಕು, ಹಣ ಬೇಕು. ತೆಳುವಾದ ಆ ಹಾಸು ಮಧ್ಯಾಹ್ನ ಕುಡಿದ ಬಿಸಿಲನ್ನು ಸಂಜೆಯಿಂದಲೇ ಒಳಗಿರುವವರ ಮೇಲೆ ಸುರಿಯುವುದು ಬೇರೆ. ಬೇಸಗೆಯಲ್ಲಿ ಅವ್ವ ನಮ್ಮ ಪಕ್ಕಾ ಮನೆಯೊಳಗೆ ಮಲಗುವುದಿಲ್ಲ. ಹೊರಗೆ ಬೇವಿನ ಕಟ್ಟೆಯ ಮೇಲೆ ಚಾಪೆ ಹಾಸುತ್ತಾಳೆ.

ಇಷ್ಟು ಹೇಳಿದ್ದರಿಂದ ನಾನು ಮಣ್ಣಿನ ಮನೆಗೆ ಮರಳಿರೆಂದು ಸಾರುತ್ತಿದ್ದೇನೆಂದು ವಾಚಕರು ತಿಳಿಯಬಾರದು. 2006ರ ಆಗಸ್ಟಿನಲ್ಲಿ ರಾಜಸ್ಥಾನದ ಬಾಡ್‌ಮೇರ್ ಜಿಲ್ಲೆಯಲ್ಲಿ ವರ್ಷದ ಮಳೆಗಿಂತ ಹೆಚ್ಚಿನದು ಕೆಲವೇ ದಿನಗಳಲ್ಲಿ ಸುರಿಯಿತು. ಕವಾಸ್ ಎಂಬ ಹಳ್ಳಿಯ ನೆಲದಡಿಯಲ್ಲಿ ಜಿಪ್ಸಮ್ಮಿನ ಪದರವಿದ್ದುದರಿಂದ ನೀರು ಇಂಗಲಿಲ್ಲ, ವಾರಗಟ್ಟಲೆ ನಿಂತಿತು. ಮಣ್ಣಿನ ಮನೆಗಳು ಕರಗಿಹೋದವು, ಪ್ರಾಣಗಳೂ ಹೋದವು. ಹವೆ ಹೀಗೆ ಮುನಿಯುವ ದಿನಗಳು ಇನ್ನು ಹೆಚ್ಚಬಹುದೆಂದು ಬಲ್ಲವರು ಹೇಳುತ್ತಿರುವಾಗ, ಪಟ್ಟಣದಲ್ಲಿ ಕುಳಿತು ಮಣ್ಣಿನ ಗುಣಗಾನ ಮಾಡುವ ಅಧಿಕಾರ ನನಗಿಲ್ಲ. ಗಟ್ಟಿ ಮನೆಯನ್ನು ಬಯಸುವವರ ಬಯಕೆ ನ್ಯಾಯವಾದುದು.

ನನ್ನ ಆಕ್ಷೇಪವಿರುವುದು ಕಟ್ಟುವುದನ್ನು ಮಾತ್ರ ಕೆಲಸವೆಂದು ಎಣಿಸಿ ಕಾಯ್ದುಕೊಳ್ಳುವುದನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಬುದ್ಧಿಗೆ. ಗೃಹಪ್ರವೇಶಕ್ಕೆ ಆಮಂತ್ರಣ ಅಚ್ಚಾಗುತ್ತದೆ. ಬಿರುಕು ಮುಚ್ಚಿದ ದಿನಕ್ಕೆ ಯಾರನ್ನು ಕರೆಯುತ್ತೇವೆ? ಬಿಸಿಲ ನಾಡಿನ ಬಡವನಿಗೆ ಹೊಸ ಮನೆಗೆ ಕೊಡುವುದರಲ್ಲಿ ಒಂದು ಚಿಕ್ಕ ಭಾಗವನ್ನು ಪ್ರತಿವರ್ಷವೂ ಮಳೆಗೆ ಮುನ್ನ ಚಾವಣಿಯ ದುರಸ್ತಿಗೆಂದು ಕೊಟ್ಟರೆ, ಮಣ್ಣಿನದಾಗಲಿ ಕಾಂಕ್ರೀಟಿನದಾಗಲಿ, ಎಷ್ಟೋ ಮನೆಗಳು ಬೀಳದೆ ನಿಲ್ಲುತ್ತವೆಂದು ನನಗೆ ತೋರುತ್ತದೆ. ಹಳ್ಳಿಯ ಉದ್ಯೋಗದ ಲೆಕ್ಕದಲ್ಲಿಯೂ ಈ ಕೆಲಸಕ್ಕೊಂದು ಜಾಗವಿರಬಾರದೇಕೆ? ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಚಾವಣಿಗಳಿಗಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು. ಬಿಳಿಯ ಲೇಪ ಬಿಸಿಲನ್ನು ಹಿಂದಕ್ಕೆ ತಳ್ಳುತ್ತದೆ, ಒಳಗೆ ತಂಪಾಗುತ್ತದೆ, ಸರಿ. ಆದರೆ ಆ ಬಿಳುಪಿನ ಮೇಲೆ ಧೂಳು ಕೂತರೆ ಗುಣ ಕುಂದುತ್ತದೆ. ಮತ್ತೆ ತೊಳೆಯಬೇಕು, ಮತ್ತೆ ಬಳಿಯಬೇಕು. ಅಲ್ಲಿಯೂ ಹತ್ತುವವರೊಬ್ಬರು ಬೇಕೇ ಬೇಕು.

ಕಳೆದ ಬೇಸಗೆಯಲ್ಲಿ ಊರಿಗೆ ಹೋದಾಗ ಅಣ್ಣನಿಗೆ ಜೈಸಲ್ಮೇರಿನ ಮುದುಕರ ವಿಷಯವನ್ನು ಹೇಳಿದೆ. ಅವನು ಏನೂ ಅನ್ನಲಿಲ್ಲ. ಮರುದಿನ ಚಳ್ಳಕೆರೆಯಿಂದ ಸುಣ್ಣ ತಂದ. ನಮ್ಮಿಬ್ಬರಿಗೂ ಈಗ ಏಣಿ ಹತ್ತುವುದು ಅಷ್ಟು ಸಲೀಸಲ್ಲ. ಕಾಂಕ್ರೀಟಿನ ಮೇಲೆ ಎಣಿಸಿದರೆ ಒಂಬತ್ತು ಬಿರುಕುಗಳಿದ್ದವು. ಒಂದರೊಳಗೆ ಹುಲ್ಲು ಮೊಳೆತು ಒಣಗಿತ್ತು. ಬೇರುಸಹಿತ ಕಿತ್ತೆ. ಬಿರುಕುಗಳನ್ನು ಮೆತ್ತಿ, ಸುಣ್ಣ ಬಳಿದು, ಇಳಿಯಬೇಕೆಂದು ಏಣಿಯ ಕಡೆ ತಿರುಗಿದಾಗ ಕೆಳಗಿನಿಂದ ಅವ್ವನ ದನಿ ಕೇಳಿಸಿತು: “ದೋಣಿ ಬಾಯಿ ನೋಡಿದ್ರೇನ್ರೋ?”

ಈ ಮನೆಗೆ ದೋಣಿಯಿಲ್ಲ. ಮೂಲೆಯಲ್ಲೊಂದು ಪ್ಲಾಸ್ಟಿಕ್ ಕೊಳವೆಯಿದೆ. ಅಣ್ಣ ಬಗ್ಗಿ ನೋಡಿದ. ಪಾರಿವಾಳದ ಪುಕ್ಕ, ಬೇವಿನ ತರಗು, ಯಾವುದೋ ಅಂಗಡಿಯ ಚೀಲ, ಎಲ್ಲವೂ ಸೇರಿ ಅದರ ಬಾಯಿ ಪೂರ್ತಿ ಕಟ್ಟಿಕೊಂಡಿತ್ತು. ಅವನು ಮೊಣಕೈಯವರೆಗೆ ಕೈಹಾಕಿ ಅದನ್ನೆಲ್ಲ ಎಳೆದು ಕೆಳಗೆ ಎಸೆದ. ಒಂದು ತಂಬಿಗೆ ನೀರು ಬೇಕೆಂದು ನಾನು ಅವ್ವನನ್ನು ಕೂಗಿದೆ.